ಶರಣಬಸಮ್ಮನ ಶೆಡ್ಡಿಗೆ ನಾನು ಮಾಲೀಕನಂತೆ

ನಾನು ಮಾಲೀಕನಂತೆ. ಯಾರೋ ಬೆಂಗಳೂರಿನಿಂದ ಬಂದು, ಒಂದು ತಾಸು ಕೂತು, ಚಹಾ ಕುಡಿದು, ನನ್ನನ್ನು ಮಾಲೀಕನನ್ನಾಗಿ ಮಾಡಿ ಹೋದರು. ಸರ್ಕಾರಿ ಬಸ್ಸು ಹೊಡೆದು ರಿಟೈರ್ ಆಗಿ, ಈಗ ತಮ್ಮನ ಹೆಂಡತಿಯ ಶೆಡ್ಡಿನಲ್ಲಿ ಗಾಡಿ ಹೊಡೆಯುವ ಬಾಲಪ್ಪ ನಾನು. ಮನೆಯಲ್ಲಿ ಇವತ್ತು ಯಾವ ಪಲ್ಯ ಮಾಡಬೇಕು ಎಂದು ಹೇಳುವ ಅಧಿಕಾರವೂ ನನಗಿಲ್ಲ. ಹೀಗೆ ಪುಕ್ಕಟೆ ಮಾಲೀಕತನ ಸಿಕ್ಕಿದ್ದರೆ ಬೇರೆಯವರು ಹಿಗ್ಗುತ್ತಿದ್ದರೋ ಏನೋ, ನನಗೆ ಇವತ್ತಿಗೂ ನೆನೆದರೆ ಮೈ ಉರಿಯುತ್ತದೆ.

ಶೆಡ್ಡು ಇರುವುದು ಕೊಪ್ಪಳದಿಂದ ಹಿಟ್ನಾಳಕ್ಕೆ ಹೋಗುವ ದಾರಿಯಲ್ಲಿ. ಅಲ್ಲಿ ನಡೆಯುವುದು ಕೂದಲಿನ ಕೆಲಸ. ತಲೆ ಬಾಚಿದಾಗ ಬಾಚಣಿಗೆಗೆ ಬಂದ ಕೂದಲನ್ನು ಹೆಂಗಸರು ಉಂಡೆ ಮಾಡಿ ಗೋಡೆಯ ಸಂದಿಗೆ ಸಿಕ್ಕಿಸಿಡುತ್ತಾರಲ್ಲ, ಅದನ್ನು ಓಣಿ ಓಣಿ ತಿರುಗಿ, ಸ್ಟೀಲ್ ಡಬ್ಬಿಯನ್ನೋ ಪಿನ್ನನ್ನೋ ಕೊಟ್ಟು ಕೊಳ್ಳುವವರಿದ್ದಾರೆ. ಆ ಉಂಡೆಗಳು ಚೀಲಗಟ್ಟಲೆ ಇಲ್ಲಿಗೆ ಬರುತ್ತವೆ. ಹೆಣ್ಣುಮಕ್ಕಳು ನೆಲದ ಮೇಲೆ ಕಾಲು ಚಾಚಿ ಕೂತು ಸೂಜಿಯಿಂದ ಎಳೆ ಎಳೆಯಾಗಿ ಸಿಕ್ಕು ಬಿಡಿಸುತ್ತಾರೆ. ಮೊಳೆ ಹೊಡೆದ ಹಲಗೆಯ ಮೇಲೆ ಬಾಚಿ, ಉದ್ದ ನೋಡಿ ಕಟ್ಟು ಕಟ್ಟುತ್ತಾರೆ. ಫ್ಯಾನು ಹಾಕುವಂತಿಲ್ಲ, ಹಾಕಿದರೆ ಮಾಲು ಹಾರಿಹೋಗುತ್ತದೆ. ನಮ್ಮ ಕಡೆಯ ಬೇಸಿಗೆಯಲ್ಲಿ ತಗಡಿನ ಕೆಳಗೆ ಹಾಗೆ ಕೂಡುವುದೆಂದರೇನು ಎಂಬುದು ಕೂತವರಿಗೇ ಗೊತ್ತು. ಇಲ್ಲಿಂದ ಮುಂದೆ ಆ ಕೂದಲು ಹಡಗು ಹತ್ತಿ ಹೋಗಿ ಯಾರದೋ ತಲೆಯ ಮೇಲೆ ವಿಗ್ ಆಗಿ ಕೂಡುತ್ತದೆ.

ಇದನ್ನೆಲ್ಲ ಕಟ್ಟಿದವಳು ಶರಣಬಸಮ್ಮ. ಅವಳ ಗಂಡ, ಅಂದರೆ ನನ್ನ ತಮ್ಮ ಕಳಕೇಶ, ಅಳವಂಡಿಯಲ್ಲಿ ಶಾಲೆಯ ಮೇಷ್ಟರು. ಕೂದಲೆಂದರೆ ತಲೆಯ ಮೇಲೆ ಬೆಳೆಯುವುದು ಎಂಬುದಕ್ಕಿಂತ ಹೆಚ್ಚೇನೂ ಅವನಿಗೆ ಗೊತ್ತಿಲ್ಲ. ಇವಳು ಮೊದಲು ಭಾಗ್ಯನಗರದ ವ್ಯಾಪಾರಿಯೊಬ್ಬರ ಮಾಲನ್ನು ಮನೆಗೆ ತಂದು ಬಿಡಿಸುತ್ತಿದ್ದಳು. ಆಮೇಲೆ ಸಂಘದಲ್ಲಿ ಸಾಲ ಎತ್ತಿದಳು. ಯಲಬುರ್ಗಾ, ಕುಷ್ಟಗಿ ಕಡೆಯ ಹಳ್ಳಿಗಳಿಗೆ ತಾನೇ ಬಸ್ಸು ಹತ್ತಿ ಹೋಗಿ ಕೂದಲು ತರುವವರನ್ನು ಗೊತ್ತು ಮಾಡಿಕೊಂಡಳು. ಈಗ ನಲವತ್ತು ಹೆಣ್ಣುಮಕ್ಕಳು ಅವಳ ಹತ್ತಿರ ದುಡಿಯುತ್ತಾರೆ. ಅವರ ನಡುವೆ ತಾನೂ ನೆಲಕ್ಕೆ ಕೂತು ಕೆಲಸ ನೋಡುತ್ತಾಳೆ. ನಾನು ಒಂದು ದಿನ ತಡಮಾಡಿ ಬಂದರೆ ನನಗೂ ಬೈಗುಳ ತಪ್ಪುವುದಿಲ್ಲ. "ಭಾವಾರ, ಮಾಲು ಬಿಸಲಾಗ ಬಿದ್ದೈತಿ, ನೀವು ಚಾದಂಗಡಿಯಾಗ ರಾಜಕೀಯ ಹೇಳಕೊಂತ ಕುಂತೀರೇನು?" ಎಂದು ಎಲ್ಲರೆದುರೇ ಕೇಳುತ್ತಾಳೆ. ನಾನು ಬಾಯಿ ಮುಚ್ಚಿಕೊಂಡು ಗಾಡಿ ಹತ್ತುತ್ತೇನೆ.

ಆದರೆ ಹೊರಗಿನವರು ಬಂದಾಗ ಮಾತ್ರ ಅವಳ ನಡತೆಯೇ ಬೇರೆ. ತಲೆಯ ಮೇಲೆ ಸೆರಗು ಬರುತ್ತದೆ, ದನಿ ಇಳಿಯುತ್ತದೆ. ಗಂಡನ ಅಣ್ಣನೆದುರು ಕುರ್ಚಿಯ ಮೇಲೆ ಕೂಡುವುದು ನಮ್ಮಲ್ಲಿಲ್ಲ. "ಹಿರಿಯಾರನ್ನ ಕೇಳೇ ಮಾಡೀವ್ರಿ" ಎನ್ನುವುದು ನಾಲಿಗೆಯ ತುದಿಯಲ್ಲೇ ಇರುವ ಮಾತು. ಅದರ ಅರ್ಥ ಕೇಳಿ ಮಾಡಿದ್ದಾರೆ ಎಂದಲ್ಲ, ಹಿರಿಯರನ್ನು ಮರೆತಿಲ್ಲ ಎಂದು. ಈ ಗಾಡಿ ತರುವಾಗ ಗಂಗಾವತಿಯಲ್ಲಿ ಹಳೆಯದು ಸಿಗುತ್ತದೆ, ಅದನ್ನೇ ತಗೋ ಎಂದು ನಾನು ಬಡಕೊಂಡೆ. ಅವಳು ಕೇಳಲಿಲ್ಲ, ಹೊಸದನ್ನೇ ತಂದಳು. ತಂದಮೇಲೆ ಕೀಲಿ ನನ್ನ ಕೈಗಿಟ್ಟು "ಪೂಜಿ ನೀವ ಮಾಡ್ರಿ" ಎಂದಳು. ನಾನು ತೆಂಗಿನಕಾಯಿ ಒಡೆದೆ. ಅಷ್ಟೇ ನನ್ನ ಅಧಿಕಾರ.

ಹೋದ ವರ್ಷ ಅಮೆರಿಕದ ಒಂದು ವಿಗ್ ಕಂಪನಿಗೆ ಇವಳ ಮಾಲು ಹಿಡಿಸಿತು. ನಡುವಿನ ವ್ಯಾಪಾರಿಗಳಿಲ್ಲದೆ ನೇರವಾಗಿ ಕೊಳ್ಳುತ್ತೇವೆ, ಆದರೆ ಒಂದು ಸರ್ಟಿಫಿಕೇಟು ಬೇಕು ಎಂದರು. ಅಲ್ಲಿ ದೊಡ್ಡ ಕಂಪನಿಗಳು ತಮ್ಮ ಖರೀದಿಯಲ್ಲಿ ಒಂದು ಪಾಲನ್ನು ಹೆಂಗಸರು ನಡೆಸುವ ಉದ್ಯೋಗಗಳಿಗೆಂದೇ ಇಡುತ್ತವಂತೆ. ಉದ್ಯೋಗದ ಅರ್ಧಕ್ಕಿಂತ ಹೆಚ್ಚು ಪಾಲು ಹೆಂಗಸಿನದಾಗಿರಬೇಕು, ನಡೆಸುವವಳೂ ಅವಳೇ ಆಗಿರಬೇಕು. ಅದನ್ನು ಪರೀಕ್ಷೆ ಮಾಡಿ ಸರ್ಟಿಫಿಕೇಟು ಕೊಡುವ ಸಂಸ್ಥೆಗಳು ದೇಶ ದೇಶಗಳಲ್ಲಿವೆಯಂತೆ. ಒಳ್ಳೆಯ ವಿಚಾರವೇ, ನಾನು ಅದಕ್ಕೆ ಬೇಡ ಎನ್ನುವವನಲ್ಲ. "ನನಗ ಸಿಗದ ಇನ್ಯಾರಿಗೆ ಸಿಗತೈತ್ರಿ ಭಾವಾರ?" ಎಂದು ಶರಣಬಸಮ್ಮ ನಕ್ಕಿದ್ದಳು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಎಂದುಕೊಂಡೆ ನಾನೂ.

ಪರೀಕ್ಷೆಗೆ ಬಂದ ಮೇಡಂ ಚಿಕ್ಕ ವಯಸ್ಸಿನವರು, ಕೈಯಲ್ಲಿ ಲ್ಯಾಪ್‌ಟಾಪು. ಶೆಡ್ಡಿನಲ್ಲಿ ಇದ್ದದ್ದೇ ಎರಡು ಕುರ್ಚಿ. ಒಂದರಲ್ಲಿ ಅವರು ಕೂತರು. ಶರಣಬಸಮ್ಮ ಇನ್ನೊಂದನ್ನು ನನ್ನತ್ತ ಸರಿಸಿ, ಸೆರಗು ಹೊದ್ದು ಪಕ್ಕಕ್ಕೆ ನಿಂತಳು.

"ನೀವ್ಯಾಕೆ ನಿಂತಿದೀರ? ಕೂತ್ಕೊಳ್ಳಿ ಮೇಡಂ."

"ಇರ್ಲಿ ಬಿಡ್ರಿ. ಭಾವಾರ ಕುಂತಾರಲ್ಲ."

ಮೇಡಂ ಏನೋ ಟೈಪ್ ಮಾಡಿದರು. "ಗಾಡಿ ತಗೊಳ್ಳೋ ನಿರ್ಧಾರ ಯಾರದು?"

"ಹಿರಿಯಾರನ್ನ ಕೇಳೇ ತಗೊಂಡ್ವಿರಿ."

"ಕೆಲಸಕ್ಕೆ ಜನ ಸೇರಿಸ್ಕೊಳ್ಳೋದು?"

"ಎಲ್ಲಾ ಇವರ ಆಶೀರ್ವಾದರಿ."

ನಾನು ನಡುವೆ ಬಾಯಿ ಹಾಕಿ, "ಏ, ಇಲ್ರಿ ಮೇಡಂರ, ನಂದೇನೂ ಇಲ್ಲ, ಎಲ್ಲಾ ಅಕೀನ ಮಾಡ್ತಾಳ" ಎಂದೆ. ಮೇಡಂ ಅದನ್ನೂ ಟೈಪ್ ಮಾಡಿಕೊಂಡರು. ಮಾಲೀಕಳ ಪರವಾಗಿ ಗಂಡಸೇ ಉತ್ತರ ಕೊಟ್ಟ ಎಂದು ಅದು ವರದಿಯಲ್ಲಿ ಬಂತು! ಸುಮ್ಮನಿದ್ದರೆ ಯಜಮಾನ, ಮಾತಾಡಿದರೆ ಇನ್ನೂ ದೊಡ್ಡ ಯಜಮಾನ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ, ಹಾಗಾಯಿತು ನನ್ನ ಗತಿ. ಉದ್ಯೋಗದ ಹತೋಟಿ ಬಾಲಪ್ಪ ಎಂಬ ಪುರುಷ ಸಂಬಂಧಿಯ ಕೈಯಲ್ಲಿದೆ, ಅರ್ಜಿದಾರರು ಕೆಲಸಗಾರರಲ್ಲಿ ಒಬ್ಬರಂತೆ ಕಾಣುತ್ತಾರೆ, ಆದ್ದರಿಂದ ಸರ್ಟಿಫಿಕೇಟು ಕೊಡಲಾಗದು ಎಂದು ಉತ್ತರ ಬಂತು. ಬಾಲಪ್ಪ ಅವರನ್ನು ಹುದ್ದೆಯಿಂದ ತೆಗೆದರೆ ಮತ್ತೆ ಪರಿಶೀಲಿಸಬಹುದು ಎಂದೂ ಇತ್ತು. ಹುದ್ದೆಯಂತೆ, ಡ್ರೈವರ್ ಸೀಟಿಗೆ!

ಕಳಕೇಶ ಶೆಡ್ಡಿನಲ್ಲಿ ಎಲ್ಲರೆದುರು ಅದನ್ನು ಓದಿ ಹೇಳಿದ. ಬಿಡಿಸುವ ಕೆಲಸದಲ್ಲಿ ಎಲ್ಲರಿಗಿಂತ ಹಳಬಳಾದ ಹಜರತಬೀ ಸೂಜಿ ಕೆಳಗಿಟ್ಟಳು.

"ಮಾಲಕ್ ಯಾರು ಅಂತ ನಮಗ ಕೇಳಿದ್ರ ನಾವ ಹೇಳ್ತಿದ್ವಿ. ಇಷ್ಟು ಮಂದಿ ಕುಂತೀವಿ, ಆ ಮೇಡಂ ನಮ್ಮನ್ನ ದಾಟಿಕೊಂಡ ಹೋದಳು. ಒಂದು ಮಾತು ಕೇಳ್ಲಿಲ್ಲ."

ಹೆಣ್ಣುಮಕ್ಕಳನ್ನು ಉದ್ಧಾರ ಮಾಡಲು ಬಂದವರ ಕಣ್ಣಿಗೆ ನಲವತ್ತು ಹೆಣ್ಣುಮಕ್ಕಳು ಕಾಣಲಿಲ್ಲ, ನನ್ನ ಮೀಸೆ ಕಂಡಿತು.

ಇಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ. ಅದೇ ತಿಂಗಳು ವಿರುಪಾಕ್ಷಿಗೆ ಸರ್ಟಿಫಿಕೇಟು ಸಿಕ್ಕಿತು. ವಿರುಪಾಕ್ಷಿ ಕೊಪ್ಪಳದಲ್ಲಿ ಕೂದಲಿನ ವ್ಯಾಪಾರಿ, ಆಚೆ ಕೊಂಡು ಈಚೆ ಮಾರುವವನು. ಸಿಕ್ಕು ಬಿಡಿಸುವವರು ಅವನ ಹತ್ತಿರ ಒಬ್ಬರೂ ಇಲ್ಲ. ಹೆಂಡತಿ ಗಂಗಾಳ ಹೆಸರಿಗೆ ಅರ್ಧಕ್ಕಿಂತ ಹೆಚ್ಚು ಪಾಲು ಬರೆಸಿ, ಎಸಿ ಕೋಣೆಯಲ್ಲಿ ತಿರುಗುವ ಕುರ್ಚಿಯ ಮೇಲೆ ಕೂರಿಸಿ, ಪ್ರಶ್ನೆಗೆ ಉತ್ತರ ಬಾಯಿಪಾಠ ಮಾಡಿಸಿದ್ದ. ಪರೀಕ್ಷೆಯ ದಿನ ತಾನು ಮನೆಯಲ್ಲಿ ಮಲಗಿದ್ದ. ಗಂಗಾ ಗೋಡೌನಿನ ಒಳಗೆ ಒಂದು ದಿನವೂ ಕಾಲಿಟ್ಟವಳಲ್ಲ. ಅವಳು ಪಾಸು, ಶರಣಬಸಮ್ಮ ನಪಾಸು.

ಈ ಸುದ್ದಿ ಕೇಳಿದ ಮರುದಿನ ಬೆಳಿಗ್ಗೆ ಗಾಡಿಯ ಕೀಲಿ ತಂದು ಶರಣಬಸಮ್ಮನ ಮುಂದಿಟ್ಟೆ. "ಇನ್ನೊಮ್ಮಿ ಅರ್ಜಿ ಹಾಕವ್ವ. ನಾ ನಾಳಿಂದ ಬರೂದಿಲ್ಲ. ನನ್ನ ಸಲುವಾಗಿ ಇಷ್ಟು ಮಂದಿ ಅನ್ನಕ್ಕ ಕಲ್ಲು ಬೀಳೂದು ಬ್ಯಾಡ."

ಅವಳು ಕೀಲಿ ನೋಡಿದಳು, ನನ್ನನ್ನು ನೋಡಿದಳು. ಹಾಗೆ ಸಿಟ್ಟಾದದ್ದನ್ನು ನಾನು ಎಂದೂ ಕಂಡಿರಲಿಲ್ಲ.

"ಬಿಡ್ರಿ ಅಂತ ನಾ ಹೇಳೀನೇನು? ಕೀಲಿ ತಗೀರಿ ಮದಲ."

ಅಲ್ಲೇ ನಿಂತು ಮೇಡಂಗೆ ಫೋನು ಹಚ್ಚಿದಳು. ಸ್ಪೀಕರಿನಲ್ಲಿಟ್ಟಳು, ಎಲ್ಲರೂ ಕೇಳಲಿ ಎಂದೇ.

"ಮೇಡಂರ, ಗಾಡಿ ಹೊಡ್ಯಾಂವ ಯಾರು ಇರಬೇಕು ಅನ್ನೂದು ಮಾಲೀಕರು ನಿರ್ಧಾರ ಮಾಡಬೇಕಲ್ರಿ?"

"ಹೌದು ಮೇಡಂ."

"ನೀವು ತಗೀ ಅಂದ್ರಿ ಅಂತ ನಾ ನಮ್ಮ ಭಾವಾರನ್ನ ತಗದ್ರ, ಆಗ ಮಾಲೀಕಳು ನಾನೋ, ನೀವೋ?"

"ಪ್ರೊಸೀಜರ್ ಹಾಗಿದೆ ಮೇಡಂ, ನಾನೊಬ್ಬಳೇ ಬದಲಾಯಿಸೋಕಾಗಲ್ಲ" ಎಂದರು.

"ಹಿರಿಯಾರಿಗೆ ಕುರ್ಚಿ ಕೊಟ್ಟೀನಿ. ಶೆಡ್ಡು ಕೊಟ್ಟಿಲ್ಲ. ಇದನ್ನ ನಿಮ್ಮ ಲ್ಯಾಪ್‌ಟಾಪಿನಾಗ ಬರಕೋರಿ" ಎಂದವಳೇ ಫೋನು ಇಟ್ಟಳು.

ಮಾತು ಗೆದ್ದಳು, ಆರ್ಡರು ಹೋಯಿತು. ವಿಗ್ ಕಂಪನಿಯವರು ವಿರುಪಾಕ್ಷಿಗೆ ಕೊಟ್ಟರು. ಆ ಆರ್ಡರನ್ನು ನಂಬಿ ಶರಣಬಸಮ್ಮ ಹಳೆಯ ವ್ಯಾಪಾರಿಗಳಿಗೆ ಮಾಲು ಕೊಡಲು ಒಪ್ಪಿಕೊಂಡಿರಲಿಲ್ಲ. ಶೆಡ್ಡಿನಲ್ಲಿ ಕೆಲಸ ಸಣ್ಣಗಾಯಿತು. ಹೆಣ್ಣುಮಕ್ಕಳು ಪಾಳಿಯ ಮೇಲೆ ಬರತೊಡಗಿದರು, ಇವತ್ತು ಇವರು, ನಾಳೆ ಅವರು. ಕೆಲಸ ಇಲ್ಲದ ದಿನವೂ ಹಜರತಬೀ ಬಂದು ಬಾಗಿಲಲ್ಲಿ ಕೂಡುತ್ತಿದ್ದಳು. ಮನೆಯಲ್ಲಿ ಕೂತರೆ ಖರ್ಚು ನೆನಪಾಗುತ್ತದೆ ಎನ್ನುತ್ತಿದ್ದಳು.

ಹೀಗಿರುವಾಗ ಒಂದು ದಿನ ವಿರುಪಾಕ್ಷಿಯೇ ಬಂದ, ಹಿಂದೆ ಒಂದು ಟೆಂಪೋ ತುಂಬ ಕೂದಲಿನ ಚೀಲ. ಆರ್ಡರು ಇದೆ, ಬಿಡಿಸಲು ಕೈಗಳಿಲ್ಲ. "ನಿಮ್ಮ ಹೆಣ್ಮಕ್ಕಳು ಸುಮ್ನ ಕುಂತಾರಂತ ಕೇಳಿದೆ. ಅರ್ಧ ರೇಟಿಗೆ ಮಾಡಿಕೊಡ್ರಿ. ಏನೂ ಇಲ್ಲದಕ್ಕಿಂತ ಛಲೋ ಅಲ್ಲ?" ಎಂದ, ನನ್ನ ಮುಖ ನೋಡುತ್ತ. ಅವನ ಪ್ರಕಾರವೂ ನಾನೇ ಮಾಲೀಕ!

ಕಿತ್ತುಕೊಂಡದ್ದಲ್ಲದೆ ಭಿಕ್ಷೆ ಬೇರೆ ಹಾಕಲು ಬಂದಿದ್ದಾನಲ್ಲ ಎಂದು ನನ್ನ ಕೈ ತುರಿಸಿತು. ಒಳಗಿನಿಂದ ಶರಣಬಸಮ್ಮ ಬಂದಳು.

"ಸರ್ಟಿಫಿಕೇಟು ಯಾರ ಹೆಸರಲೆ ಐತ್ರಿ?"

"ನಮ್ಮ ಮನಿಯಾಕಿ ಹೆಸರಲೆ. ಅದೆಲ್ಲ ಬರೇ ಹೆಸರಿಗೆ ಬಿಡ್ರಿ."

"ಹಂಗಾರ ಅವರನ್ನ ಕಳಸ್ರಿ. ಮಾಲೀಕರ ಜೋಡಿ ಮಾತಾಡ್ತೀನಿ. ಮಾಲೀಕರ ಗಂಡನ ಜೋಡಿ ನನಗೇನು ಮಾತು?"

ಅವನು ನಕ್ಕ. ಅವಳು ನಗಲಿಲ್ಲ. ಅವನು ಬೈದ, ಹೋದ. ಆದರೆ ಹಡಗಿಗೆ ಮಾಲು ಮುಟ್ಟಿಸುವ ದಿನ ಯಾರಿಗೂ ನಿಲ್ಲುವುದಿಲ್ಲ. ಮರುದಿನ ಕಾರಿನಲ್ಲಿ ಗಂಗಾಳನ್ನು ಕರಕೊಂಡು ಬಂದ, ಹಿಂದೆ ಅದೇ ಟೆಂಪೋ. ಮೂವತ್ತರ ಆಜುಬಾಜಿನ ಹೆಣ್ಣುಮಗಳು, ಮುಖದಲ್ಲಿ ಹೆದರಿಕೆ. ಅವನೂ ಅವಳ ಹಿಂದೆ ಒಳಗೆ ಹೊರಟ. ಶರಣಬಸಮ್ಮ ಬಾಗಿಲಿಗೆ ಕೈ ಅಡ್ಡ ಇಟ್ಟಳು.

"ನೀವು ಹೊರಗಿರ್ರಿ. ನಮ್ಮ ಭಾವಾರೂ ಹೊರಗ ಇರ್ತಾರ."

ನಾವಿಬ್ಬರೂ ಬಿಸಿಲಿನಲ್ಲಿ ನಿಂತೆವು. ತಗಡಿನ ಗೋಡೆ, ಒಳಗಿನ ಮಾತೆಲ್ಲ ಕೇಳುತ್ತಿತ್ತು.

"ನಂಗೇನೂ ತಿಳಿಯಂಗಿಲ್ರಿ ಅಕ್ಕಾರ. ಅರ್ಧಕ್ಕ ಮುಗಿಸಿಕೊಂಡು ಬಾ ಅಂತ ಅವರು ಹೇಳಿ ಕಳಿಸ್ಯಾರ."

"ತಿಳಿಯಂಗಿಲ್ಲಂದ್ರ ಆ ಮೇಡಂಗ ಎಲ್ಲಾ ಹೆಂಗ ಹೇಳಿದಿ?"

"ಬಾಯಿಪಾಠ ಮಾಡಿದ್ದೆರಿ. ಅರ್ಧಕ್ಕಿಂತ ಜಾಸ್ತಿ ನಂದು, ರೇಟು ಹೇಳೂದು ನಾನು, ಸಹಿ ನಂದು ಅಂತ."

ಹೆಣ್ಣುಮಕ್ಕಳು ನಕ್ಕರು. ಶರಣಬಸಮ್ಮ ಅವರನ್ನು ಗದರಿಸಿದಳು. "ಅದು ಬಾಯಿಪಾಠ ಅಲ್ಲವ್ವ, ಖರೇನ ಐತಿ. ಕಾಗದದಾಗ ಐತಿ. ಗೋಡೌನು ನಿಂದು. ಆ ಸಹಿ ಇಲ್ಲದ ನಿನ್ನ ಗಂಡಗ ಒಂದು ಚೀಲ ಕಳಸಾಕ ಬರಂಗಿಲ್ಲ. ಯಾರೂ ಹೇಳಿಲ್ಲೇನು ನಿನಗ?"

ನನ್ನ ಪಕ್ಕದಲ್ಲಿ ವಿರುಪಾಕ್ಷಿ ಕೆಮ್ಮಿದ, ಒಳಗೆ ಕೇಳಲಿ ಎಂದು. ಆಮೇಲೆ ಗಂಗಾ ಕೇಳಿದ್ದು ಇಷ್ಟೇ: "ಈ ಕೂದಲಾ ಹಿಂಗ ಒಂದೊಂದು ಎಳಿ ಬಿಡಿಸ್ತೀರೇನ್ರಿ? ದಿನಾ?" ಹಜರತಬೀ ಏನೋ ತೋರಿಸಿದಳು ಎಂದು ಕಾಣುತ್ತದೆ. "ಅಯ್ಯ, ಬೆರಳು ನೋಡ್ರಿ ಹೆಂಗಾಗ್ಯಾವು" ಎಂದಳು ಗಂಗಾ.

ಬಾಗಿಲು ತೆರೆದು ಹೊರಗೆ ಬಂದಾಗ ಅವಳ ಮುಖದಲ್ಲಿ ಹೆದರಿಕೆ ಇನ್ನೂ ಇತ್ತು. ನೇರವಾಗಿ ಗಂಡನ ಮುಂದೆ ನಿಂತಳು.

"ಪೂರಾ ರೇಟಿಗೆ ಒಪ್ಪಿ ಬಂದೀನಿ."

"ತಲಿ ಗಿಲಿ ಕೆಟ್ಟೈತೇನು? ಯಾರನ್ನ ಕೇಳಿ ಒಪ್ಪಿದಿ?"

"ಯಾರನ್ನ ಕೇಳಬೇಕಾಗಿತ್ರಿ?" ಎಂದಳು ಗಂಗಾ. ಎದುರಾಡುವ ದನಿಯಲ್ಲ ಅದು. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದಳು.

ವಿರುಪಾಕ್ಷಿ ನನ್ನ ಕಡೆ ತಿರುಗಿದ. "ಬಾಲಪ್ಪಣ್ಣಾ, ನೀವರ ಒಂದು ಮಾತು ಹೇಳ್ರಿ."

ನಾನು ಟೆಂಪೋದ ಹಗ್ಗ ಬಿಚ್ಚಿ ಮೊದಲನೆಯ ಚೀಲ ಹೆಗಲಿಗೇರಿಸಿಕೊಂಡೆ.