ಸ್ಟಾಪರ್ ಜಾಗಕ್ಕೆ ಒಬ್ಬಳು

ನಾಗಣ್ಣ ಸಾಹುಕಾರರ ಅಡತಿ ಅಂಗಡಿಯಲ್ಲಿ ಹತ್ತಿ ಅಂಡಿಗೆಗಳನ್ನು ಸ್ವಲ್ಪ ಸರಿಸಿ ಕುರ್ಚಿ ಹಾಕಿದರೆ ಅದೇ ಕ್ಲಬ್ಬಿನ ಕಚೇರಿ. ಶಹಾಪುರದ ಹೆಣ್ಣುಮಕ್ಕಳ ಫುಟ್‌ಬಾಲ್ ತಂಡಕ್ಕೆ ಅಧ್ಯಕ್ಷರು ಅವರು. ಮುಂದಿನ ವರ್ಷಕ್ಕೆ ಯಾರ ಕರಾರು ಮುಂದುವರಿಸಬೇಕು, ಯಾರನ್ನು ಕೈಬಿಡಬೇಕು ಅನ್ನುವುದು ಪ್ರತಿ ಬೇಸಿಗೆಯಲ್ಲೂ ಅಲ್ಲೇ ತೀರ್ಮಾನವಾಗುತ್ತಿತ್ತು. ಈ ಸಲ ಉಳಿದವರ ಹೆಸರೆಲ್ಲ ಚಹಾ ಆರುವುದರೊಳಗೆ ಮುಗಿದುಹೋದವು. ಗೊಲ್ಲಾಳಮ್ಮನ ಹೆಸರು ಬಂದಾಗ ಸಾಹುಕಾರರು ಕಪ್ಪು ಕೆಳಗಿಟ್ಟು ಕೋಚ್ ಚಂದ್ರಕಲಾ ಕಡೆ ನೋಡಿದರು.

"ಇಕೀನ್ನ ತಂದವ್ರು ನೀವು, ಮೇಡಂ. ನೀವೇ ಹೇಳ್ರಿ, ಇಟ್ಕೋಬೇಕೋ ಬಿಡಬೇಕೋ."

ಚಂದ್ರಕಲಾ ಈ ಪ್ರಶ್ನೆಗೆ ತಯಾರಾಗಿಯೇ ಬಂದಿದ್ದಳು.

ಗೊಲ್ಲಾಳಮ್ಮ ತಂಡದ ಸ್ಟಾಪರ್. ಗೋಲ್‌ಕೀಪರಿನ ಮುಂದೆ, ರಕ್ಷಣೆಯ ನಟ್ಟನಡುವೆ ನಿಲ್ಲುವವಳು. ಸುರಪುರದ ಕಡೆಯ ಹಳ್ಳಿಯೊಂದರ ಕ್ರೀಡಾಕೂಟದಲ್ಲಿ ಬರಿಗಾಲಲ್ಲಿ ಓಡುತ್ತಿದ್ದವಳನ್ನು ಚಂದ್ರಕಲಾ ಶಹಾಪುರಕ್ಕೆ ಕರೆತಂದು ಹತ್ತು ವರ್ಷದ ಮೇಲಾಗಿತ್ತು. ಆಳು ಗಟ್ಟಿ. ಅವಳಿಗೆ ಎದುರಾಗುವುದಕ್ಕಿಂತ ಸುತ್ತು ಹಾಕಿ ಹೋಗುವುದೇ ಲೇಸೆಂದು ಬೇರೆ ಊರಿನ ಹುಡುಗಿಯರು ತಮ್ಮತಮ್ಮಲ್ಲೇ ಹೇಳಿಕೊಳ್ಳುತ್ತಿದ್ದ ಕಾಲವೊಂದಿತ್ತು. ಹೋದ ವರ್ಷ ಆ ಗೊಲ್ಲಾಳಮ್ಮ ಇರಲಿಲ್ಲ. ಚುರುಕಿನವರು ಅವಳ ಎಡಕ್ಕೆ ಚೆಂಡು ತಳ್ಳಿ ಓಡಿದರೆ, ಅವಳು ಮೈ ತಿರುಗಿಸುವಷ್ಟರಲ್ಲಿ ಚೆಂಡು ಬಲೆಯಲ್ಲಿರುತ್ತಿತ್ತು. ರಾಯಚೂರಿನವರ ಮೇಲಿನ ಸೆಮಿಫೈನಲ್‌ನಲ್ಲಂತೂ ಅವಳು ಕೀಪರಿಗೆಂದು ಹಿಂದಕ್ಕೆ ಕೊಟ್ಟ ಪಾಸು ಅರ್ಧ ದಾರಿಯಲ್ಲೇ ನಿಂತುಬಿಟ್ಟಿತು. ಅವರ ಫಾರ್ವರ್ಡ್ ಬಂದು ಅದನ್ನು ಸುಮ್ಮನೆ ಒಳಗೆ ನೂಕಿದಳು. ಆ ಒಂದು ಗೋಲಿಗೆ ತಂಡ ಸೋತಿತು. ಕಾಲಿಗೆ ಏನಾದರೂ ಆಗಿದೆಯೇನೋ ಎಂದು ಚಂದ್ರಕಲಾ ಡಾಕ್ಟರಿಗೂ ತೋರಿಸಿದ್ದಳು. ಏನೂ ಆಗಿರಲಿಲ್ಲ. ವಯಸ್ಸಾಗುತ್ತಿತ್ತು, ಅಷ್ಟೇ.

ಆ ಜಾಗಕ್ಕೆ ಇನ್ನೊಬ್ಬಳು ಕಾದು ನಿಂತಿದ್ದಳು. ಹತ್ತೊಂಬತ್ತರ ಸಬಾ, ಶಹಾಪುರದವಳೇ. ಒಂದು ವರ್ಷದಿಂದ ಕರಾರಿಲ್ಲದೆ ಅಭ್ಯಾಸಕ್ಕೆ ಬರುತ್ತಿದ್ದಳು. ತಾಯಿ ಗೌಹರಬೇಗಂ ಹೊಲಿಗೆ ಮಷಿನ್ ಬಿಟ್ಟು ದಿನಾ ಬೆಳಿಗ್ಗೆ ಮಗಳ ಜೊತೆ ಮೈದಾನಕ್ಕೆ ಬಂದು, ಬೇವಿನ ಮರದ ಬುಡದಲ್ಲಿ ಕೂತು, ಆಟ ಮುಗಿದ ಮೇಲೆ ಕರೆದುಕೊಂಡು ಹೋಗುವಳು. ಹುಡುಗಿಗೆ ಇದೆಲ್ಲ ಯಾಕೆ ಎಂದು ಕೇಳುವ ನೆಂಟರಿಗೆ, ಬರುವ ವರ್ಷ ಮಗಳನ್ನು ತಂಡಕ್ಕೆ ತಗೊಳ್ಳುತ್ತಾರೆ ಎಂದು ಹೇಳಿ ಬಾಯಿ ಮುಚ್ಚಿಸುತ್ತಿದ್ದಳು. ಹಾಗೆಂದು ಆಕೆಗೆ ಹೇಳಿದವಳು ಚಂದ್ರಕಲಾ.

"ಸಬಾನ್ನ ತಗೋರಿ," ಅಂದ ಭೀಮಾಶಂಕರ. ಔಷಧಿ ಅಂಗಡಿಯವನು, ಒಂದು ಕಾಲಕ್ಕೆ ತಾನೂ ಆಡಿದವನು, ಈಗ ಕ್ಲಬ್ಬಿನ ಕಾರ್ಯದರ್ಶಿ. "ನಾನೂ ನೋಡಾಕತ್ತೀನಲ್ರಿ. ಚೆಂಡು ಬರೂಕಿಂತ ಮೊದಲ ಆ ಹುಡುಗಿ ಅಲ್ಲಿ ಇರ್ತಾಳ. ಇರೂದು ಒಬ್ಬಾಕಿಗಷ್ಟ ಜಾಗ. ಇದರಾಗ ವಿಚಾರ ಮಾಡೂದೇನೈತಿ?"

ವಿಚಾರ ಮಾಡುವಂಥದ್ದು ಏನೂ ಇಲ್ಲವೆಂದು ಚಂದ್ರಕಲಾಗೂ ಗೊತ್ತಿತ್ತು. ಆದರೆ ಅವಳ ಕಣ್ಣ ಮುಂದೆ ಬಂದದ್ದು ಮೈದಾನವಲ್ಲ. ಕರಾರು ಇರುವ ತನಕ ಗೊಲ್ಲಾಳಮ್ಮನಿಗೆ ಇರಲು ಕೊಟ್ಟಿದ್ದ ಕ್ಲಬ್ಬಿನ ಕೋಣೆಯಲ್ಲಿ ಗೋಡೆಗೆ ಒತ್ತಿ ಇಟ್ಟಿದ್ದ ಅವಳ ತಗಡಿನ ಟ್ರಂಕು. ನಿಶ್ಚಯವಾಗಿದ್ದ ಮದುವೆಯನ್ನು ಬಿಟ್ಟು ಆಟಕ್ಕೆ ಬಂದವಳು ಅವಳು. ನಾರಾಯಣಪುರದ ಡ್ಯಾಮಿನಲ್ಲಿ ಕೆಲಸಕ್ಕಿದ್ದ ಅಣ್ಣ ಅಮಾತೆಪ್ಪ, ನನ್ನ ಕ್ವಾರ್ಟರ್ಸಿನ ಹೊಸ್ತಿಲು ತುಳಿಯಬೇಡ ಎಂದು ಅಂದೇ ಹೇಳಿಬಿಟ್ಟಿದ್ದ.

"ಅಕಿ ಎಲ್ಲಿ ಹೋಗಬೇಕ್ರಿ, ಸಾಹುಕಾರ್ರ?" ಅಂದಳು. "ತಾಯಿ ಇಲ್ಲ, ತಂದಿ ಇಲ್ಲ. ಅಣ್ಣ ಮನಿಯೊಳಗ ಕರ್ಕೊಳ್ಳಂಗಿಲ್ಲ. ಇಷ್ಟು ವರ್ಷ ನಮ್ಮ ಸಲುವಾಗಿ ಆಡ್ಯಾಳ. ಒಂದ ವರ್ಷ ಚಲೋ ಆಡಲಿಲ್ಲಂತ ಬೀದಿಗೆ ಹಾಕೂದೇನ್ರಿ? ಸಬಾ ಸಣ್ಣಾಕಿ. ಅಕಿಗೆ ಮನಿ ಐತಿ, ತಾಯಿ ಅದಾಳ. ಇನ್ನೊಂದ ವರ್ಷ ಕಾದ್ರ ಏನೂ ಆಗಂಗಿಲ್ಲ."

ಭೀಮಾಶಂಕರ ಮತ್ತೇನೋ ಹೇಳಲು ಹೋದ. ಚಂದ್ರಕಲಾ ಅವಕಾಶ ಕೊಡಲಿಲ್ಲ. ಗೊಲ್ಲಾಳಮ್ಮನನ್ನು ಬಿಟ್ಟರೆ ತಾನೂ ಬಿಡುತ್ತೇನೆ ಅಂದಳು. ಆ ಸೀಮೆಯಲ್ಲಿ ಹೆಣ್ಣುಮಕ್ಕಳಿಗೆ ಫುಟ್‌ಬಾಲ್ ಕಲಿಸುವ ಇನ್ನೊಬ್ಬರನ್ನು ಹುಡುಕುವುದು ಎಷ್ಟು ಕಷ್ಟವೆಂದು ಸಾಹುಕಾರರು ಬಲ್ಲರು.

"ಆಯ್ತು ಬಿಡ್ರಿ. ನಿಮ್ಮ ಮಾರಿ ನೋಡಿ ಇಟ್ಕೋತೀನಿ," ಅಂದರು.

ಮರುದಿನ ಬೆಳಿಗ್ಗೆ ಚಂದ್ರಕಲಾ ಸಬಾಳನ್ನು ಬದಿಗೆ ಕರೆದು ಹೇಳಿದಳು. ಹುಡುಗಿ ಅಳಲಿಲ್ಲ. "ನನ್ನ ಆಟದಾಗ ಏನ್ ಕಡಿಮಿ ಐತ್ರಿ ಮೇಡಂ? ಹೇಳ್ರಿ, ತಿದ್ಕೋತೀನಿ," ಅಂದಳು.

"ಕಡಿಮಿ ಏನೂ ಇಲ್ಲವ್ವಾ."

ಅಂದ ಮೇಲೆ ಚಂದ್ರಕಲಾಗೆ ಹೊಳೆಯಿತು, ಹಾಗೆ ಅನ್ನಬಾರದಿತ್ತು. ಯಾವುದಾದರೂ ತಪ್ಪು ತೋರಿಸಿದ್ದರೆ ಹುಡುಗಿಗೆ ತಿದ್ದಿಕೊಳ್ಳಲಾದರೂ ಏನೋ ಒಂದು ಸಿಗುತ್ತಿತ್ತು. ಸಬಾ ಬೂಟು ಬಿಚ್ಚಿ, ಒಂದಕ್ಕೊಂದು ಬಡಿದು ಮಣ್ಣು ಉದುರಿಸಿ, ಕ್ಲಬ್ಬಿನ ಬೂಟುಗಳ ಸಾಲಿನಲ್ಲಿಟ್ಟಳು. ಗೌಹರಬೇಗಂ ಎದ್ದು ಬುರ್ಖಾದ ಧೂಳು ಕೊಡವಿಕೊಂಡಳು. ಆಮೇಲೆ ತಾಯಿ ಮಗಳು ಇಬ್ಬರೂ ಮೈದಾನದ ಕಡೆ ಬರಲಿಲ್ಲ.

ಮೊದಲ ಮಳೆ ಬಿದ್ದು ನೆಲ ಮೆತ್ತಗಾದ ಮೇಲೆ ಹೊಸ ವರ್ಷದ ಅಭ್ಯಾಸ ಶುರುವಾಯಿತು. ಮೊದಲ ದಿನ ನಾಗಣ್ಣ ಸಾಹುಕಾರರೇ ಬಂದು ತೆಂಗಿನಕಾಯಿ ಒಡೆದು, ಹುಡುಗಿಯರನ್ನೆಲ್ಲ ಸಾಲಾಗಿ ನಿಲ್ಲಿಸಿ ನಾಲ್ಕು ಮಾತು ಆಡಿದರು. ಗೊಲ್ಲಾಳಮ್ಮನ ಮುಂದೆ ಬಂದಾಗ ನಿಂತರು.

"ಗೊಲ್ಲಾಳಮ್ಮಾ, ಈ ಸಲ ಮನಸ್ಸು ಕೊಟ್ಟು ಆಡವ್ವಾ. ನಿನ್ನ ಆಟ ನೋಡಿ ಇಟ್ಕೊಂಡಿಲ್ಲ ನಾವು. ದಿಕ್ಕಿಲ್ಲದಾಕಿ, ಎಲ್ಲಿ ಹೋಗಬೇಕಂತ ನಿಮ್ಮ ಮೇಡಂ ಕೈಮುಗಿದು ಕೇಳ್ಕೊಂಡ್ರು. ಅವ್ರ ಹೆಸರು ಕೆಡಸಬ್ಯಾಡ."

ಅವರು ಅದನ್ನು ನಗುನಗುತ್ತಲೇ ಹೇಳಿದರು. ಹುರುಪು ತುಂಬುತ್ತಿದ್ದೇನೆ ಎಂದೇ ಅವರು ತಿಳಿದಿದ್ದರು. ಹುಡುಗಿಯರು ನೆಲ ನೋಡಿದರು. ಹಿಂದಿನ ಸಾಲಿನಲ್ಲಿ ಯಾರೋ ನಗು ತಡೆದುಕೊಂಡ ಸದ್ದು ಬಂತು. ಗೊಲ್ಲಾಳಮ್ಮ "ಹೂನ್ರಿ" ಅಂದಳು.

ಅಂದು ಅವಳು ಆಡಿದ ಆಟವನ್ನು ಚಂದ್ರಕಲಾ ಎಷ್ಟೋ ದಿನದಿಂದ ಕಂಡಿರಲಿಲ್ಲ. ಒಬ್ಬಳಿಗೂ ಅವಳನ್ನು ದಾಟಲಾಗಲಿಲ್ಲ. ತಂಡದ ಚುರುಕಿನ ಫಾರ್ವರ್ಡ್ ದಾನೇಶ್ವರಿ ಮೂರು ಸಲ ನೆಲಕ್ಕೆ ಬಿದ್ದಳು. ತಾನು ಮಾಡಿದ್ದು ಸರಿಯಾಯಿತು ಎಂದು ಚಂದ್ರಕಲಾ ಹಗುರಾಗಿ ಮನೆಗೆ ಹೋದಳು.

ಸಂಜೆ ಗೊಲ್ಲಾಳಮ್ಮ ಟ್ರಂಕು ಹಿಡಿದು ಅವಳ ಬಾಗಿಲಿಗೆ ಬಂದಳು.

"ನಾರಾಯಣಪುರಕ್ಕ ಹೊಂಟೀನ್ರಿ ಮೇಡಂ. ಅಣ್ಣನ ಮನಿಗೆ."

"ಅವ ಒಳಗ ಕರ್ಕೋತಾನೇನು?"

"ಕಾಲ್ ಬೀಳ್ತೀನಿ. ಹೆಂಗೂ ದಿಕ್ಕಿಲ್ಲದಾಕಿ. ಇಲ್ಲಿ ಬೀಳೂಕಿಂತ ಅಲ್ಲಿ ಬೀಳೂದು ಪಾಡ."

ಚಂದ್ರಕಲಾಗೆ ಸಿಟ್ಟು ಬಂತು. "ನಿನ್ನ ಸಲುವಾಗಿ ನಾ ಕೋಚ್ ಕೆಲಸಾನ ಬಿಡ್ತೀನಂದೆ. ಅದು ಗೊತ್ತೇನು ನಿನಗ?"

"ಅಲ್ಲಿ ನನ್ನ ಆಟದ ಬಗ್ಗೆ ಒಂದ ಮಾತರ ಆಡಿದ್ರೇನ್ರಿ?"

ಆಡಿರಲಿಲ್ಲ. ಆಡಲು ಏನೂ ಇರಲಿಲ್ಲ ಎಂದು ಹೇಳುವಂತೆಯೂ ಇರಲಿಲ್ಲ.

"ಸಬಾ ನನಗಿಂತ ಚಲೋ ಆಡ್ತಾಳಂತ ನನಗ ಗೊತ್ತಿತ್ರಿ," ಅಂದಳು ಗೊಲ್ಲಾಳಮ್ಮ. ದನಿ ಏರಿರಲಿಲ್ಲ. "ನನ್ನ ಕರದು ಹೇಳಿದ್ರ ನಾನ ಅಕಿಗೆ ಜಾಗ ಬಿಟ್ಟುಕೊಡ್ತಿದ್ದೆ. ಇಷ್ಟು ವರ್ಷ ಆಡಿ ಸಾಕಾಗಿ ಬಿಟ್ಲು ಅಂತಿದ್ರು ಮಂದಿ. ಈಗ ಏನಂತಾರ? ಎಲ್ಲಾರ ಮನಿ ಕಷ್ಟ ಕೇಳ್ತೀರಿ ನೀವು. ಅವರಿಗೆ ಏನ್ ಬೇಕಂತ ಮಾತ್ರ ಕೇಳಂಗಿಲ್ಲ."

ಸುರಪುರದ ಬಸ್ಸು ಹೊರಡುವ ಹೊತ್ತಾಗಿತ್ತು. ಅಲ್ಲಿಂದ ನಾರಾಯಣಪುರಕ್ಕೆ ಮತ್ತೊಂದು ಬಸ್ಸು ಹಿಡಿಯಬೇಕು. ನೀರು ಕುಡಿದು ಹೋಗು ಎಂದು ಚಂದ್ರಕಲಾ ಒಳಗೆ ಹೋಗಿ ತಂಬಿಗೆ ತರುವಷ್ಟರಲ್ಲಿ ಬಾಗಿಲಲ್ಲಿ ಯಾರೂ ಇರಲಿಲ್ಲ.

ಮೂರು ದಿನ ಬಿಟ್ಟು ಅವಳು ಗೌಹರಬೇಗಂ ಮನೆಗೆ ಹೋದಳು. ಜಾಗ ಖಾಲಿಯಾಗಿದೆ, ನಾಳೆಯಿಂದಲೇ ಸಬಾ ಬರಲಿ, ಕರಾರು ಮಾಡಿಸುವುದು ನನ್ನ ಜವಾಬ್ದಾರಿ ಅಂದಳು. ಸಬಾ ಚಾಪೆಯ ಮೇಲೆ ಕೂತು ಯಾರದೋ ಕುಪ್ಪಸಕ್ಕೆ ಹುಕ್ಕು ಹಚ್ಚುತ್ತಿದ್ದಳು. ತಲೆ ಎತ್ತಲಿಲ್ಲ.

"ಬ್ಯಾಡ್ರಿ ಮೇಡಂ."

"ಯಾಕವ್ವಾ? ಸಿಟ್ಟು ಬಿಡು. ಆಟ ನಿನಗ ಬೇಕಾಗಿತ್ತಲ್ಲ."

"ಚಲೋ ಆಡಿದಾಗ ಜಾಗ ಸಿಗಲಿಲ್ಲ. ಅಕ್ಕ ಹೋದ್ಲಂತ ಸಿಗಾಕತ್ತೈತಿ. ನಾಳೆ ಇನ್ಯಾರಿಗರ ದಿಕ್ಕಿಲ್ಲಂದ್ರ ಮತ್ತ ನನ್ನ ಎಬ್ಬಸ್ತೀರಿ."

ಚಂದ್ರಕಲಾ ಆಸರೆಗೆಂದು ತಾಯಿಯ ಕಡೆ ನೋಡಿದಳು. ಗೌಹರಬೇಗಂ ಚಹಾದ ಬಸಿ ಅವಳ ಮುಂದಿಟ್ಟು ಮಷಿನ್ನಿನ ಮುಂದೆ ಹೋಗಿ ಕೂತಳು.

"ನಾ ಜೋರ್ ಮಾಡಂಗಿಲ್ರಿ," ಅಂದಳು. "ಇಕಿಗೆ ಮನಿ ಐತಿ, ತಾಯಿ ಅದಾಳ, ಕಾಯಲಿ ಅಂದಿದ್ರಂತ. ಊರಾಗ ಎಲ್ಲಾರೂ ಹೇಳಿದ್ರು. ಒಂದ ವರ್ಷ ಮೈದಾನದಾಗ ಬಂದು ಕುಂತೆ. ನಾ ಇದ್ದದ್ದ ತಪ್ಪಾತೇನ್ರಿ ಇಕಿಗೆ?"

ಮಷಿನ್ ಓಡತೊಡಗಿತು. ಚಹಾ ಬಿಟ್ಟೇಳುವುದು ಸರಿಯಲ್ಲವೆಂದು ಚಂದ್ರಕಲಾ ಕುಡಿದಳು.

ಮೊದಲ ಪಂದ್ಯ ಯಾದಗಿರಿಯಲ್ಲಿತ್ತು. ಬೇರೆ ದಾರಿ ಕಾಣದೆ ಚಂದ್ರಕಲಾ ದಾನೇಶ್ವರಿಯನ್ನು ಹಿಂದಕ್ಕೆ ತಂದು ಸ್ಟಾಪರ್ ಜಾಗದಲ್ಲಿ ನಿಲ್ಲಿಸಿದಳು. ಗೋಲು ಹೊಡೆಯಲೆಂದೇ ಹುಟ್ಟಿದ ಹುಡುಗಿ. ಚೆಂಡು ಕಂಡಲ್ಲಿ ಮುಂದಕ್ಕೆ ಓಡುವಳು, ಹಿಂದೆ ಬಯಲು ಬಿದ್ದಿರುವುದು. ಮಧ್ಯಂತರದ ಹೊತ್ತಿಗೇ ನಾಲ್ಕು ಗೋಲು ಆಗಿದ್ದವು. ಹಿಂದೆ ಹೀಗೆ ಸೋಲುವಾಗ ಬಾಯಿಗೆ ಬಂದಂತೆ ಬಯ್ಯುತ್ತಿದ್ದ ಚಂದ್ರಕಲಾ ಅಂದು ನೀರಿನ ಬಾಟಲಿ ಹಂಚಿ ಸುಮ್ಮನೆ ಕೂತಳು. ಯಾರನ್ನು ಬಯ್ಯುವುದು?

ಬಸ್ಸಿನಲ್ಲಿ ಮರಳುವಾಗ ಸಾಹುಕಾರರ ಫೋನು ಬಂತು. ಸೋಲಿನ ಮಾತು ಅವರು ಎತ್ತಲೇ ಇಲ್ಲ.

"ಮೇಡಂ, ಬರೂ ವರ್ಷದಿಂದ ಯಾರನ್ನ ಇಟ್ಕೋಬೇಕು, ಬಿಡಬೇಕು ಅನ್ನೂದು ನಾನು, ಭೀಮಾಶಂಕರ ನೋಡ್ಕೋತೀವಿ. ನೀವು ಆಟ ಕಲಸ್ರಿ, ಸಾಕು."

"ಆಯ್ತ್ರಿ," ಅಂದಳು ಚಂದ್ರಕಲಾ.

ಮುಂದಿನ ಸೀಟಿನಿಂದ ದಾನೇಶ್ವರಿ ತಿರುಗಿದಳು. ಮೊಣಕಾಲು ತರಚಿತ್ತು, ಅತ್ತು ಕಣ್ಣು ಕೆಂಪಾಗಿದ್ದವು. "ಮುಂದಿನ ಮ್ಯಾಚಿಗೆ ನನ್ನ ಫಾರ್ವರ್ಡಿಗೆ ಹಾಕ್ತೀರೇನ್ರಿ ಮೇಡಂ? ಅಲ್ಲಿ ನಿಲ್ಲೂದು ನನಗ ಬರಂಗಿಲ್ರಿ."

ಆ ಜಾಗಕ್ಕೆ ಬೇರೆ ಯಾರೂ ಇರಲಿಲ್ಲ.

"ನೀನ ನಿಲ್ಲಬೇಕವ್ವಾ," ಅಂದಳು ಚಂದ್ರಕಲಾ, ಹುಡುಗಿಯ ಮುಖ ನೋಡದೆ.