ಟಾಕಿಯಲ್ಲಿ ಉಳಿದ ಕಲ್ಲು

ಅಣ್ಣ ಎರಡು ಬೊಗಸೆ ಕಲ್ಲಿನ ಚೂರು ಒಳಗೆ ಹಾಕಿದ. ಹೊರಗೆ ಬಂದದ್ದು ಒಂದೂವರೆ ಬೊಗಸೆಯೂ ಇರಲಿಲ್ಲ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದೆ. ನೋಡಿಯೂ ಸುಮ್ಮನಿದ್ದೆ.

ಅದು ಅಪ್ಪನ ಎಜ್ಡಿ ಮೋಟರ್‌ಸೈಕಲ್ಲಿನ ಪೆಟ್ರೋಲ್ ಟಾಕಿ. ಗಾಡಿ ಎಪ್ಪತ್ತೆಂಟನೇ ಇಸವಿಯದು, ನನಗಿಂತ ಏಳು ವರ್ಷ ದೊಡ್ಡದು. ಆರು ವರ್ಷದಿಂದ ಅಂಗಳದ ತಗಡಿನ ಕೆಳಗೆ ನಿಂತಿತ್ತು. ಟಾಕಿಯ ತಳದಲ್ಲಿ ತುಕ್ಕು ಹಿಡಿದು ಸೂಜಿಮೊನೆಯಷ್ಟು ತೂತುಗಳು ಬಿದ್ದಿದ್ದವು. ಪೆಟ್ರೋಲ್ ಹಾಕಿದರೆ ಮರುದಿನ ಬೆಳಗಿಗೆ ಅಂಗಳದ ಕಲ್ಲಿನ ಮೇಲೆ ಕಲೆ.

ನಾವು ಇರುವುದು ಶಹಾಬಾದಿನಲ್ಲಿ. ಅಣ್ಣ ಸಂಗಮೇಶ್ವರನದು ಕಲ್ಲಿನ ಪಾಲಿಶ್ ಕೆಲಸ. ನಾನು ಚಿತ್ತಾಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಅಪ್ಪ ದೇವೀಂದ್ರಪ್ಪ ವಾಡಿಯ ಕಾರ್ಖಾನೆಯೊಂದರಲ್ಲಿ ಫಿಟರ್ ಆಗಿದ್ದವನು. ಈಗ ಎಪ್ಪತ್ತೆಂಟು ವರ್ಷ. ಹೃದಯ ಸೋತಿದೆ, ಸಂಜೆಯಾದರೆ ಕಾಲಿಗೆ ನೀರು ಇಳಿಯುತ್ತದೆ. ಅಕ್ಟೋಬರಿನಲ್ಲಿ ಕಲಬುರಗಿಯ ಡಾಕ್ಟರು ನಮ್ಮಿಬ್ಬರನ್ನು ಹೊರಗೆ ಕರೆದು, “ಈಗ ಕುಂದರತಾರ, ನಾಕು ಹೆಜ್ಜಿ ನಡೀತಾರ. ಅವರಿಗೇನರ ಆಸೆ ಇದ್ರ ಲಗೂ ಮಾಡ್ರಿ” ಎಂದಿದ್ದರು.

ಅಪ್ಪನ ಆಸೆ ನಮಗೆ ಗೊತ್ತಿತ್ತು. ಪ್ರತಿ ನವೆಂಬರಿನಲ್ಲಿ ಪಿಂಚಣಿದಾರರು ತಾವು ಬದುಕಿದ್ದೇವೆ ಎಂದು ಬ್ಯಾಂಕಿಗೆ ತೋರಿಸಬೇಕು. ಈಗ ಅದನ್ನು ಮನೆಯಲ್ಲೇ ಮೊಬೈಲಿನಲ್ಲಿ ಮಾಡಬಹುದು. ಆದರೆ ಅಪ್ಪನ ಜೊತೆಗಾರರು ಅದಕ್ಕೆ ಒಪ್ಪಿಲ್ಲ. ಎರಡನೆಯ ಸೋಮವಾರ ಎಲ್ಲರೂ ವಾಡಿಯ ಬ್ಯಾಂಕಿನ ಮುಂದೆ ಸೇರುತ್ತಾರೆ. ಸೇಡಂನಿಂದ ಒಬ್ಬರು, ಚಿತ್ತಾಪುರದಿಂದ ಇಬ್ಬರು, ಉಳಿದವರು ವಾಡಿಯವರೇ. ಕೆಲಸ ಮುಗಿಸಿ ಪಕ್ಕದ ಹೋಟೆಲಿನಲ್ಲಿ ಸುಸಲಾ, ಮಿರ್ಚಿ ತಿಂದು, ಚಹಾ ಕುಡಿದು, ಆ ವರ್ಷ ಬರದವರ ಬಗ್ಗೆ ಸ್ವಲ್ಪ ಮಾತಾಡಿ ಮನೆಗೆ ಹೋಗುತ್ತಾರೆ. ಅಪ್ಪ ಯಾವಾಗಲೂ ಎಜ್ಡಿಯ ಮೇಲೆ ಹೋಗುತ್ತಿದ್ದ. ಗಾಡಿ ನಿಂತ ಮೇಲೆ ಯಾರದೋ ಹಿಂದೆ ಕೂತು ಹೋದ. ಹೋದ ವರ್ಷ ಆಟೋದಲ್ಲಿ. ಅಲ್ಲಿ ಇಳಿಯಲಾಗದೆ, ಇಬ್ಬರು ಅವನ ಕಂಕುಳಿಗೆ ಕೈ ಹಾಕಿ ಇಳಿಸಿದರು. ಎಲ್ಲರೂ ನೋಡಿದರು.

“ಈ ಸಲ ಆಟೋ ಬ್ಯಾಡ,” ಅಪ್ಪ ಅಂದ. “ಸಂಗಮೇಶ ನನ್ನ ಗಾಡಿ ಹೊಡೀಲಿ, ನಾ ಹಿಂದ ಕುಂದರತೀನಿ. ಒಂದೇ ಸಲ.”

ಮೆಕ್ಯಾನಿಕ್ ಚಾಂದ್‌ನ ಅಂಗಡಿ ಬಸ್ ನಿಲ್ದಾಣದ ಹಿಂದಿದೆ. ಹಳೆಯ ಗಾಡಿಗಳ ಕೆಲಸ ಬಲ್ಲವನು ಈಗ ಅವನೊಬ್ಬನೇ. ಟಾಕಿಯನ್ನು ಎತ್ತಿ ಬೆಳಕಿಗೆ ಹಿಡಿದು, ಮುಚ್ಚಳ ತೆಗೆದು ಒಳಗೆ ಮೂಗಿಟ್ಟು, ಏನೇನು ಮಾಡಬೇಕೆಂದು ಹೇಳಿದ. ಮೊದಲು ಒಳಗಿನ ತುಕ್ಕು ಉದುರಿಸಬೇಕು. ಆಮೇಲೆ ಒಂದು ರಾತ್ರಿ ಆಸಿಡ್. ತೊಳೆದು, ಒಣಗಿಸಿ, ಸೀಲ್ ಮಾಡುವ ಔಷಧ ಸುರಿದು, ಅದು ಎಲ್ಲ ಮೂಲೆಗೂ ಹರಿಯುವ ಹಾಗೆ ಟಾಕಿಯನ್ನು ಹೊರಳಿಸಬೇಕು. ಕೊನೆಗೆ ನಾಲ್ಕು ದಿನ ಮುಟ್ಟಬಾರದು. ಎಂಜಿನ್ನು, ಟೈರು ಮನೆಗೇ ಬಂದು ನೋಡುತ್ತೇನೆ ಅಂದ.

“ತುಕ್ಕು ಉದರಸೂದು ಮನ್ಯಾಗ ಮಾಡ್ರಿ, ನನಗ ಟೈಮ್ ಉಳೀತದ,” ಎಂದು ಒಂದು ತುಂಡು ಹಳೆಯ ಸೈಕಲ್ ಚೈನು ಕೊಟ್ಟ. “ಇದನ್ನ ಒಳಗ ಬಿಟ್ಟು ಝಾಡಿಸ್ರಿ. ಜೋಕಾಲಿ ಆಡಿಸಿದಂಗ.”

ಅಣ್ಣ ಚೈನು ಹಾಕಿ ಐದು ನಿಮಿಷ ಅಲ್ಲಾಡಿಸಿದ. ಬೇಸರವಾಯಿತು. ಪಾಲಿಶ್ ಮಾಡುವ ಜಾಗದಿಂದ ಕಲ್ಲಿನ ಚೂರು ತಂದ. ನಮ್ಮೂರಿನಲ್ಲಿ ಹಾಗೇ. ಕೊಡ ಪಾಚಿ ಕಟ್ಟಿದರೆ, ಡ್ರಮ್ಮಿಗೆ ಎಣ್ಣೆ ಹಿಡಿದರೆ, ಒಂದು ಹಿಡಿ ಕಲ್ಲು, ಒಂದು ತಂಬಿಗೆ ನೀರು ಹಾಕಿ ಅಲ್ಲಾಡಿಸುತ್ತೇವೆ. ಮನೆಯ ಹೊರಗೆ ಹೋಗಿ ಬಗ್ಗಿದರೆ ಸಿಗುವ ವಸ್ತು ಅದು.

“ಚೈನಿಗಿಂತ ನಮ್ಮ ಫರಸಿ ಕಲ್ಲ ಛಲೋ ತಿಕ್ಕತದ,” ಅಂದ.

ಟಾಕಿಯ ನಡುವೆ, ಕೆಳಗೆ ಗಾಡಿಯ ಕಬ್ಬಿಣ ಹಾದುಹೋಗುವಲ್ಲಿ, ಒಳಗೆ ಒಂದು ಉಬ್ಬು ಇದೆ. ಅದರ ಎರಡೂ ಬದಿಯ ಸಂದಿಯಲ್ಲಿ ಚೂರುಗಳು ಸಿಕ್ಕಿಕೊಂಡಿರಬೇಕು. ಅಣ್ಣ ಕಿವಿಗೆ ಹಿಡಿದು ಅಲ್ಲಾಡಿಸಿ ನೋಡಿದ. ಸಪ್ಪಳ ಬರಲಿಲ್ಲ. ಚಾಂದ್‌ಗೆ ಒಯ್ದು ಕೊಟ್ಟ. ಕಲ್ಲು ಹಾಕಿದ್ದನ್ನು ಹೇಳಲಿಲ್ಲ. ಮುಚ್ಚಿಟ್ಟದ್ದಲ್ಲ. ಹೇಳುವಂಥ ವಿಷಯ ಅನ್ನಿಸಿರಲಿಲ್ಲ.

ನಾನು ಯಾಕೆ ಸುಮ್ಮನಿದ್ದೆ ಎಂಬುದನ್ನೂ ಹೇಳಬೇಕು. ದಸರೆಯಲ್ಲಿ ಒಂದು ಸಂಜೆ ಅಪ್ಪ ಎದೆ ಒತ್ತಿಕೊಂಡದ್ದು ನೋಡಿ ನಾನು ಆಂಬ್ಯುಲೆನ್ಸ್ ಕರೆಸಿದ್ದೆ. ಓಣಿಯೆಲ್ಲ ಹೊರಗೆ ಬಂತು. ಕಲಬುರಗಿಯಲ್ಲಿ ನೋಡಿ, ಗ್ಯಾಸ್ ಅಂದರು. ಮರಳಿ ಬರುವಾಗ ಅಪ್ಪ, “ನಿನ್ನ ಅಂಜಿಕಿಯಿಂದನ ನಾ ಸಾಯ್ತೀನಿ ಒಂದಿನ” ಅಂದ. ನಗುತ್ತಾ ಅಂದಿದ್ದರೆ ಬೇರೆ ಮಾತು. ನಗಲಿಲ್ಲ. ಗ್ಯಾಸಿನ ಸಿಲಿಂಡರು, ವೈರು, ಮೆಟ್ಟಿಲು, ಮಾತ್ರೆಯ ತಾರೀಖು, ನಾನು ಎಲ್ಲವನ್ನೂ ನೋಡುತ್ತೇನೆ, ಎಲ್ಲದಕ್ಕೂ ಬಾಯಿ ಹಾಕುತ್ತೇನೆ ಎಂದು ಅಣ್ಣನೂ ಸೇರಿಸಿದ. ಅವತ್ತಿನಿಂದ ಬಾಯಿ ಹಾಕಬಾರದು ಎಂದು ನಿಶ್ಚಯಿಸಿದ್ದೆ.

ಮರುದಿನ ಶಾಲೆಯಿಂದ ಬರುತ್ತಾ ಚಾಂದ್‌ನ ಅಂಗಡಿಗೆ ಹೋದೆ. ಟಾಕಿಗೆ ಆಸಿಡ್ ಸುರಿದಿದ್ದ. ಬಾಯಿಯಿಂದ ಬಿಳಿ ನೊರೆ ಉಕ್ಕಿ ಬಣ್ಣದ ಮೇಲೆ ಇಳಿಯುತ್ತಿತ್ತು.

“ನೋಡ್ರಿ ಅಕ್ಕೋರ, ತುಕ್ಕು ಹ್ಯಾಂಗ ಕುದೀಲಿಕತ್ತದ!” ಚಾಂದ್‌ಗೆ ಖುಷಿಯಾಗಿತ್ತು.

ಅದು ತುಕ್ಕಲ್ಲ. ನಮ್ಮೂರಿನ ಫರಸಿ ಸುಣ್ಣದ ಕಲ್ಲು. ಸುಣ್ಣದ ಕಲ್ಲಿನ ಮೇಲೆ ಆಸಿಡ್ ಬಿದ್ದರೆ ಹೀಗೆ ಉಕ್ಕುತ್ತದೆ ಎಂದು ನಾನು ವರ್ಷ ವರ್ಷವೂ ಹತ್ತನೆಯ ತರಗತಿಗೆ ಮಾಡಿ ತೋರಿಸುತ್ತೇನೆ. ಆಸಿಡ್ಡಿನ ಬಲವೆಲ್ಲ ಕಲ್ಲು ಕರಗಿಸುವುದರಲ್ಲೇ ಮುಗಿಯುತ್ತದೆ, ತುಕ್ಕು ಹಾಗೇ ಉಳಿಯುತ್ತದೆ. ಕರಗಿದ ಸುಣ್ಣದಿಂದ ಆಗುವ ಉಪ್ಪು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಸರಿಯಾಗಿ ತೊಳೆಯದಿದ್ದರೆ ಆ ಟಾಕಿ ಒಳಗೆ ಒಣಗುವುದೇ ಇಲ್ಲ. ಇದೆಲ್ಲ ಒಂದು ಕ್ಷಣದಲ್ಲಿ ತಲೆಯಲ್ಲಿ ಬಂತು.

“ಚಾಂದ್‌ಭಾಯ್, ನೊರೆ ಭಾಳ ಬರಾಕತ್ತದಲ್ಲಾ...”

“ಅಂಜಬ್ಯಾಡ್ರಿ ಅಕ್ಕೋರ. ಸಂಗಮೇಶಣ್ಣ ಅಂದಾರ, ನಮ್ಮ ತಂಗಿ ಬಂದು ನೂರು ಸವಾಲ್ ಕೇಳ್ತಾಳ, ಚಹಾ ಕುಡಿಸಿ ಕಳಸು ಅಂತ.” ಅವನು ನಕ್ಕ. ನಾನೂ ನಕ್ಕೆ. ಚಹಾ ಕುಡಿದು ಮನೆಗೆ ಬಂದೆ.

ಸೀಲ್ ಹಾಕಿ ನಾಲ್ಕು ದಿನ ಕಳೆದವು. ಆ ನಾಲ್ಕು ದಿನ ನಾನು ದೇವರ ಮುಂದೆ ಕೂತಾಗಲೂ ಟಾಕಿಯನ್ನೇ ನೆನೆದೆ. ನನ್ನ ಲೆಕ್ಕ ತಪ್ಪಿರಲಿ ಎಂದು ಬೇಡಿಕೊಂಡೆ.

ಶನಿವಾರ ಮಧ್ಯಾಹ್ನ ಚಾಂದ್ ಟಾಕಿ ತಂದು ಗಾಡಿಗೆ ಕೂಡಿಸಿದ. ಅಪ್ಪ ಕುರ್ಚಿ ಹಾಕಿಸಿಕೊಂಡು ಅಂಗಳದಲ್ಲಿ ಕೂತ. ಪೆಟ್ರೋಲಿಗೆ ಎಷ್ಟು ಎಣ್ಣೆ ಬೆರೆಸಬೇಕೆಂದು ತಾನೇ ಹೇಳಿ, ತಾನೇ ಮುಚ್ಚಳದಲ್ಲಿ ಅಳೆದ. ಎಲ್ಲರೂ ತಳವನ್ನೇ ನೋಡುತ್ತಿದ್ದೆವು. ಹತ್ತು ನಿಮಿಷ ಏನೂ ಇಲ್ಲ. ಅಣ್ಣ ಕಿಕ್ ಹೊಡೆಯಲು ಕಾಲೆತ್ತಿದ.

“ನಿಲ್ಲು,” ಅಪ್ಪ ಅಂದ. ಮೂಗು ಮೇಲೆತ್ತಿದ. “ಸೋರಾಕತ್ತದ.”

ಆಮೇಲೆ ನಮಗೂ ಕಂಡಿತು. ಒಂದು ಹನಿ, ಅದರ ಹಿಂದೆ ಇನ್ನೊಂದು.

ಅಣ್ಣನ ದನಿ ಓಣಿಗೆ ಕೇಳಿಸಿತು. “ಯಾ ನಮೂನಿ ಕೆಲಸಲೇ ಇದು? ನಕಲಿ ಔಷಧ ಹಾಕೀಯೇನು? ಸೋಮವಾರ ಒಯ್ಯಬೇಕಂತ ಬಡಕೊಂಡಿನಿಲ್ಲ ನಿನಗ?”

ಚಾಂದ್ ಪೆಟ್ರೋಲ್ ಇಳಿಸಿ, ಟಾಕಿ ಬಿಚ್ಚಿ, ಬಾಯಿಯೊಳಗೆ ಬೆರಳು ಹಾಕಿದ. ಸೀಲ್ ಹಾಲಿನ ಕೆನೆಯಂತೆ ಎದ್ದು ಬಂತು. ಅದರ ಕೆಳಗೆ ಕೆಂಪು ತುಕ್ಕು, ಒದ್ದೆಯಾಗಿಯೇ ಇತ್ತು. “ಇಪ್ಪತ್ತು ವರ್ಷದಾಗ ನನ್ನ ಟಾಕಿ ಸೋರಿಲ್ರಿ,” ಅಂದ. ಅಣ್ಣನಿಗಲ್ಲ, ಅಪ್ಪನಿಗೆ. ಟಾಕಿಯನ್ನು ತಲೆಕೆಳಗು ಮಾಡಿ ಗುದ್ದಿದ. ಅಂಗೈಗೆ ಸವೆದು ದುಂಡಗಾದ ಒಂದು ಕಲ್ಲು ಬಿತ್ತು. ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿದ.

“ಇದು ನಂದಲ್ಲ.”

“ಅಣ್ಣ ಹಾಕಿದ್ದ,” ನಾನು ಅಂದೆ. “ಎಲ್ಲಾ ಹೊರಗ ಬರ್ಲಿಲ್ಲ. ಆಸಿಡ್ ಕಲ್ಲಿಗೇ ಖರ್ಚಾಗ್ಯದ. ಚಾಂದ್‌ಭಾಯ್ ತಪ್ಪಿಲ್ಲ.”

ಅಣ್ಣ ನನ್ನ ಕಡೆ ತಿರುಗಿದ. “ನಿನಗ ಗೊತ್ತಿತ್ತೇನು?”

“ಗೊತ್ತಿತ್ತು.”

“ಎಂದಿನಿಂದ?”

“ನೀ ಹಾಕಿದ ದಿನದಿಂದ.”

ಅಪ್ಪ ಕುರ್ಚಿಯಿಂದಲೇ ಕೇಳಿದ, “ನಾ ಅಂದಿದ್ದು ಮನಸಿಗೆ ಹಚ್ಚಿಕೊಂಡಿ ಏನು, ಯವ್ವಾ?”

ನಾನು ಒಳಗೆ ಹೋದೆ.

ಒಳಗಿದ್ದಾಗ ಅಪ್ಪ ವಾಡಿಯ ಸೂರ್ಯಕಾಂತನಿಗೆ ಫೋನ್ ಹಚ್ಚಿದ್ದು ಕೇಳಿಸಿತು. ಇಬ್ಬರೂ ಒಂದೇ ದಿನ ಕೆಲಸಕ್ಕೆ ಸೇರಿದವರು. ಸ್ಪೀಕರ್ ಹಾಕಿತ್ತು.

“ಸೂರ್ಯಾ, ಒಂದು ವಾರ ಮುಂದ ಹಾಕ್ರೋ. ಗಾಡಿ ತಯಾರಾಗಿಲ್ಲ.”

“ಏ ಫಿಟರ್, ನಿನ್ನ ಗಾಡಿ ಸಲುವಾಗಿ ನಾವು ಒಂಬತ್ತು ಮಂದಿ ಒಂದು ವಾರ ಜಾಸ್ತಿ ಬದುಕಬೇಕೇನಪಾ?”

“ಬದುಕ್ರಿ. ಬ್ಯಾರೆ ಏನ್ ಕೆಲಸ ಅದ ನಿಮಗ?”

ಆ ಕಡೆಯಿಂದ ನಗು, ಕೆಮ್ಮು. ಅವರು ಒಪ್ಪಿದರು.

ಎರಡನೆಯ ಸಲ ನಾನು ಚಾಂದ್‌ನ ಅಂಗಡಿಯಲ್ಲೇ ಕೂತೆ. ಶಾಲೆಗೆ ಎರಡು ದಿನ ರಜೆ ಹಾಕಿದೆ. ಹಳೆಯ ಸೀಲನ್ನು ಥಿನ್ನರ್ ಹಾಕಿ ಬಿಡಿಸಿದೆವು. ಸಂದಿಗಳಲ್ಲಿ ತಂತಿ ಆಡಿಸಿ ಇನ್ನೂ ಹನ್ನೊಂದು ಚೂರು ತೆಗೆದೆವು. ಬರೀ ಚೈನು ಹಾಕಿ ಝಾಡಿಸಿ, ಆಸಿಡ್ ಹಾಕಿ, ಏಳು ಸಲ ನೀರು ಹಾಕಿ ತೊಳೆದೆವು. ಶಾಲೆಯಿಂದ ತಂದ ಲಿಟ್ಮಸ್ ಕಾಗದ ಅದ್ದಿ, ಆಸಿಡ್ ಉಳಿದಿಲ್ಲವೆಂದು ನೋಡಿಕೊಂಡೆ. ಕೂದಲು ಒಣಗಿಸುವ ಮಷೀನಿನಿಂದ ಒಳಗೆ ಬಿಸಿಗಾಳಿ ಬಿಟ್ಟೆ. ಸೀಲ್ ಸುರಿದಾಗ ಟಾಕಿಯ ಒಂದು ಕಡೆ ಅವನು, ಇನ್ನೊಂದು ಕಡೆ ನಾನು ಹಿಡಿದು, ತೊಟ್ಟಿಲಂತೆ ಆ ಕಡೆ ಈ ಕಡೆ ಹೊರಳಿಸಿದೆವು. ಅದು ಬುಧವಾರ.

ಶುಕ್ರವಾರ ಬೆಳಗ್ಗೆ ಅಪ್ಪನಿಗೆ ಮಂಚದಿಂದ ಕಾಲು ಇಳಿಸಲಾಗಲಿಲ್ಲ. ಬಾವು ಮೊಣಕಾಲು ದಾಟಿತ್ತು. ದವಾಖಾನೆ ಬೇಡ ಅಂದ. ಊರಿನ ಡಾಕ್ಟರು ಬಂದು ಮಾತ್ರೆ ಹೆಚ್ಚಿಸಿ, ಅಣ್ಣನ ಭುಜ ತಟ್ಟಿ ಹೋದರು. ಗೋಡೆಗೆ ದಿಂಬು ಕೊಟ್ಟರೆ ಕೂಡುತ್ತಿದ್ದ. ದಿಂಬು ತೆಗೆದರೆ ವಾಲುತ್ತಿದ್ದ. ವಾಡಿಗೆ ತಿಳಿಸೋಣವೇ ಎಂದು ಕೇಳಿದೆ. ತಲೆಯಾಡಿಸಿ ಬೇಡ ಅಂದ.

ಭಾನುವಾರ ಸಂಜೆ ಟಾಕಿಯನ್ನು ಗಾಡಿಗೆ ಕೂಡಿಸಿ, ಪೆಟ್ರೋಲ್ ತುಂಬಿ, ಕೆಳಗೆ ಹಳೆಯ ಪತ್ರಿಕೆ ಹಾಸಿಟ್ಟೆವು. ಸೋಮವಾರ ಬೆಳಗಿಗೆ ಕಾಗದದ ಮೇಲೆ ಒಂದು ಕಲೆಯೂ ಇರಲಿಲ್ಲ.

ವೈನಿ, ಅಣ್ಣನ ಹೆಂಡತಿ, ಅಪ್ಪನಿಗೆ ಬಿಳಿ ಅಂಗಿ ಹಾಕಿದಳು. ವಿಭೂತಿ ಹಚ್ಚಿಕೊಂಡ. ಅಣ್ಣ ಎತ್ತಿಕೊಂಡು ಹೊರಗೆ ತಂದ. ಚಾಂದ್ ಗಾಡಿ ಹಿಡಿದು ನಿಂತ, ನಾನು ಅಪ್ಪನ ಬಲಗಾಲು ಎತ್ತಿ ಸೀಟಿನ ಆಚೆ ದಾಟಿಸಿದೆ. ಅಪ್ಪ ಮುಂದಕ್ಕೆ ಬಗ್ಗಿ ಟಾಕಿಯನ್ನು ಎರಡೂ ಕೈಯಿಂದ ಹಿಡಿದುಕೊಂಡ. ಹಾಗೆ ಒಂದು ನಿಮಿಷ ಕೂತಿದ್ದ, ಇಲ್ಲ, ನಿಮಿಷಕ್ಕಿಂತ ಕಡಿಮೆ. ಬೆರಳು ಬಿಳಿಚಿದವು. ಒಂದು ಕಡೆ ಜಾರತೊಡಗಿದ.

“ಒಂದು ದುಪ್ಪಟಿ ತಗೊಂಬಾ,” ಅಣ್ಣ ನನಗೆ ಹೇಳಿದ. “ನನ್ನ ಬೆನ್ನಿಗೆ ಕಟ್ಟು. ಕಟ್ಟಿಕೊಂಡು ಒಯ್ತೀನಿ.”

“ಹುಚ್ಚ್ಯಾ, ಗೋಣಿಚೀಲ ಏನು ನಾ?” ಅಪ್ಪ ಉಸಿರು ಹಿಡಿದು ಅಂದ. “ಇಳಸ್ರಿ.”

ಇಳಿಸಿದೆವು. ಆಮೇಲೆ ಅಂದ, “ನೀವಿಬ್ಬರೂ ಹೋಗ್ರಿ. ಗಾಡಿ ಒಯ್ರಿ. ಪಾಪ, ಕಾಯಲಿಕತ್ತಿರತಾರ.”

ಶಹಾಬಾದಿನಿಂದ ವಾಡಿಗೆ ಹತ್ತು ಕಿಲೋಮೀಟರು ಸುಮಾರು. ಕಲ್ಲಿನ ಲಾರಿಗಳು ಎದುರಾಗುತ್ತಿದ್ದವು. ನಾನು ಕೂತ ಜಾಗ ಅಪ್ಪನದು. ಮೈ ಕುಗ್ಗಿಸಿಕೊಂಡು ಕೂತಿದ್ದೆ.

ಎಜ್ಡಿಯ ಸಪ್ಪಳ ದೂರದಿಂದಲೇ ಗೊತ್ತಾಗುತ್ತದೆ. ನಾವು ಬ್ಯಾಂಕಿನ ಓಣಿಗೆ ತಿರುಗುವ ಹೊತ್ತಿಗೆ ಮುದುಕರೆಲ್ಲ ಕಟ್ಟೆಯಿಂದ ಎದ್ದು ನಿಂತಿದ್ದರು. ಒಬ್ಬರು ಚಪ್ಪಾಳೆ ತಟ್ಟಿದರು. “ಬಂದ ನೋಡ್ರಪಾ ಫಿಟರ್! ಮದುಮಗ ಬಂದ!” ಇದು ಸೂರ್ಯಕಾಂತ. ಕೋಲು ಮೇಲೆತ್ತಿ ಆಡಿಸುತ್ತಿದ್ದರು. ಅಣ್ಣನ ಹಿಂದೆ ನನ್ನ ಸೀರೆಯ ಸೆರಗು ಕಂಡಾಗ ಕೋಲು ನಿಧಾನವಾಗಿ ಕೆಳಗಿಳಿಯಿತು.

ಅಣ್ಣ ಗಾಡಿ ನಿಲ್ಲಿಸಿ ತಲೆ ಬಗ್ಗಿಸಿದ. ಹೇಳುವುದು ನನ್ನ ಪಾಲಿಗೆ ಬಂತು.

“ಅಪ್ಪ ಮನ್ಯಾಗ ಇದ್ದಾನ್ರಿ ಕಾಕಾ. ಕುಂದ್ರಲಿಕ್ಕ ಆಗಲಿಲ್ಲ.”

“ಯಾವಾಗಿಂದವ್ವಾ?”

“ಶುಕ್ರವಾರದಿಂದ್ರಿ.”

ಸೂರ್ಯಕಾಂತ ಮನಸ್ಸಿನಲ್ಲೇ ದಿನ ಎಣಿಸಿದ್ದು ಕಂಡಿತು. “ಹ್ವಾದ ಸೋಮವಾರ ಕುಂದರತಿದ್ದನೇನು?”

“ಕುಂದರತಿದ್ದ್ರಿ. ಗಾಡಿ ನನ್ನಿಂದ ತಡ ಆಯ್ತು.”

ಅವರಿಗೆ ಅರ್ಥವಾಗಲಿಲ್ಲ. ಹೆಣ್ಣುಮಗಳು ಗಾಡಿಗೆ ಹೇಗೆ ತಡ ಮಾಡುತ್ತಾಳೆ ಎಂದು ನನ್ನ ಮುಖ ನೋಡಿದರು. ಆಮೇಲೆ, “ಇರಲಿ ಬಿಡವ್ವಾ,” ಅಂದರು. ಹೋಟೆಲಿನಿಂದ ಚಹಾ ತರಿಸಿದರು. ಯಾರೂ ಒಳಗೆ ಹೋಗಿ ಕೂಡಲಿಲ್ಲ. ಗಾಡಿಯ ಸುತ್ತಲೇ ನಿಂತು ಕುಡಿದರು. ಸಂಜೆ ಎಲ್ಲರೂ ಶಹಾಬಾದಿಗೆ ಬರುತ್ತೇವೆ, ಅವನಿಗೆ ಹೇಳು ಅಂದರು.

ಮನೆಗೆ ಬಂದಾಗ ಅಪ್ಪ ಎಚ್ಚರವಾಗಿದ್ದ. ಮಂಚದ ಪಕ್ಕ ಕೂತೆ. ಯಾರು ಯಾರು ಬಂದಿದ್ದರು, ಏನಂದರು, ಸೂರ್ಯಕಾಂತ ಕಾಕಾ ಕೋಲು ಹೇಗೆ ಎತ್ತಿದರು, ಎಲ್ಲವನ್ನೂ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ. ಅವನು ಅದೊಂದನ್ನೂ ಕೇಳಲಿಲ್ಲ.

“ಗಾಡಿ ಹಾದ್ಯಾಗ ಎಲ್ಲೂ ನಿಲ್ಲಲಿಲ್ಲೇನು?”

“ಎಲ್ಲೂ ನಿಲ್ಲಲಿಲ್ಲಪ್ಪಾ.”

“ಛಲೋ ಆಯ್ತು,” ಅಂದ. ಗೋಡೆಯ ಕಡೆ ಮುಖ ತಿರುಗಿಸಿದ.