ಎರಡು ಸಲ ಕೀಸಿದ ಹಲಗೆ

ಅಣ್ಣತಮ್ಮಂದಿರಿಬ್ಬರು ಸೇರಿ ಗಿಟಾರ್ ಮಾಡುವ ಆ ಅಂಗಡಿಯಲ್ಲಿ ಕೆಲವು ವಾರಗಳಿಂದ ಗರಗಸ ಸದ್ದು ಮಾಡುತ್ತಿತ್ತು, ಸುತ್ತಿಗೆ ಸದ್ದು ಮಾಡುತ್ತಿತ್ತು, ಅಣ್ಣ ಮಾತ್ರ ತಮ್ಮನ ಜೊತೆ ತುಟಿಪಿಟಕ್ ಅನ್ನುತ್ತಿರಲಿಲ್ಲ.

ತಪ್ಪು ತಮ್ಮನದೇ. ಬೇಕರಿ ನಡೆಸುವ ಗಿರಾಕಿಯೊಬ್ಬರು ಗಿಟಾರ್ ಮಾಡಿಕೊಡಿ ಎಂದು ಬಂದಿದ್ದಾಗ, ಅಂಚುಪಟ್ಟಿ ಕೂರಿಸುವ ನಾಜೂಕಿನ ಕೆಲಸ ನಿಮ್ಮಲ್ಲಿ ಯಾರದು ಎಂದು ಕೇಳಿದ್ದರು. "ಇನ್ಮೇಲೆ ನಂದೇ ಸಾರ್. ಅಣ್ಣನ ಕೈ ಈಗೀಗ ತಾನಾಗೇ ತಾಳ ಹಾಕುತ್ತೆ," ಎಂದು ತಮ್ಮ ನಕ್ಕುಬಿಟ್ಟ. ಬೇಕರಿಯವರೂ ನಕ್ಕರು. ಅಣ್ಣ ನಗಲಿಲ್ಲ. ಎರಡೂ ಕೈಗಳನ್ನು ಜೇಬಿಗೆ ಸೇರಿಸಿಕೊಂಡು ಒಳಗೆ ಹೋದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ತಮ್ಮನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಆ ಗಾದೆಯ ಹಣೆಬರಹವೇ ಅಷ್ಟು, ನೆನಪಾಗುವುದು ಆಡಿಯಾದ ಮೇಲೆ.

ಅಣ್ಣ ಒಂದು ಮಾತಾಡಿದರೆ ಸಾಕು ಎಂದು ತಮ್ಮನ ಜೀವ ಒಳಗೊಳಗೇ ಒದ್ದಾಡುತ್ತಿತ್ತು. ಹಾಗಂತ ತಾನೇ ಹೋಗಿ ತಪ್ಪಾಯಿತು ಅನ್ನಬೇಕಲ್ಲ, ಅದಕ್ಕೆ ಜಂಭ ಬಿಡಬೇಕು. ತಲೆ ನರೆತ ಗಂಡಸು ಮುಖ ಊದಿಸಿಕೊಂಡರೆ ಚಿಕ್ಕ ಮಕ್ಕಳಿಗಿಂತ ಕಡೆ. ಇಬ್ಬರ ನಡುವೆ ಸಿಕ್ಕಿಬಿದ್ದವಳು ಗಿಟಾರ್‌ಗಳಿಗೆ ಪಾಲಿಶ್ ಹಚ್ಚುವ ಅತ್ತಿಗೆ.

"ಅತ್ತಿಗೆ, ಅಂಟು ಖಾಲಿ ಅಂತ ಅಣ್ಣನಿಗೆ ಹೇಳಿ."

"ಎದುರಿಗೇ ಕೂತಿದಾರಲ್ಲಪ್ಪ! ನಾನೇನು ನಿಮ್ಮಿಬ್ಬರ ಮಧ್ಯೆ ಟೆಲಿಫೋನ್ ಕಂಬನಾ?"

ಕೊನೆಗೆ ಆ ಕಂಬವೂ ಬೇಸತ್ತು, ಒಂದು ದಿನದ ಮಟ್ಟಿಗೆ ತನ್ನ ಅಕ್ಕನ ಮನೆಗೆ ಹೋಯಿತು. ಎಡವಟ್ಟಾದದ್ದು ಆ ದಿನವೇ.

ಕೆಲಸ ಹೀಗೆ. ಗಿಟಾರಿನ ಕತ್ತಿನ ಮೇಲೆ, ಬೆರಳಿಟ್ಟು ತಂತಿ ಒತ್ತುವ ಕಡೆ, ಉದ್ದಕ್ಕೂ ಒಂದು ಕಪ್ಪು ಹಲಗೆ ಕೂರುತ್ತದೆ. ಅದರ ಎರಡೂ ಬದಿಗೆ ಬಿಳಿ ಮರದ ತೆಳು ಪಟ್ಟಿ ಅಂಟಿಸಿದರೆ ನೋಡಲು ಚೆಂದ, ಸವರುವ ಕೈಗೂ ನುಣುಪು. ಪಟ್ಟಿಗೆ ಜಾಗ ಆಗಬೇಕಾದರೆ ಮೊದಲು ಹಲಗೆಯ ಬದಿಗಳನ್ನು ಪಟ್ಟಿಯ ದಪ್ಪದಷ್ಟು ಕೀಸಬೇಕು. ಇಬ್ಬರಲ್ಲಿ ಯಾರಿಗೆ ಬಿಡುವೋ ಅವರು ಕೀಸಿ, "ಕೀಸಾಯ್ತು!" ಎಂದು ಕೂಗಿ ಹೇಳುವುದು ಅಂಗಡಿಯ ಪದ್ಧತಿ. ಕೂಗಬೇಕಾದರೆ ಬಾಯಿ ಬೇಕು. ಇಲ್ಲಿ ಬಾಯಿಗೆ ಬೀಗ ಬಿದ್ದಿತ್ತು.

ಬೆಳಿಗ್ಗೆ ತಮ್ಮ ಬಂದಾಗ ಹಲಗೆ ಮೇಜಿನ ಮೇಲಿತ್ತು. ಅಗಲ ಅಳೆದು ನೋಡಿದ. ಯಾವಾಗಲೂ ಶುರುವಿನಲ್ಲಿ ಇರುವಷ್ಟೇ ಇತ್ತು, ಕೂದಲೆಳೆಯೂ ಆಚೀಚೆ ಇಲ್ಲ. ಅಂದರೆ ಅಣ್ಣ ಕೀಸಿಲ್ಲ. ಕೋಪ ನನ್ನ ಮೇಲಿದ್ದರೆ ಹಲಗೆ ಏನು ಮಾಡಿತ್ತು ಪಾಪ ಎಂದುಕೊಂಡ. ಅಣ್ಣ ಹಿತ್ತಲಲ್ಲೇ ಮರ ಉಜ್ಜುತ್ತಿದ್ದ, ಬಾಗಿಲಲ್ಲಿ ನಿಂತು ಒಂದು ಮಾತು ಕೇಳಬಹುದಿತ್ತು. ಕೇಳಿದರೆ ಸೋತಂತಲ್ಲವೇ? ತಮ್ಮ ಕೇಳಲಿಲ್ಲ. ಕೀಸುಳಿ ಹಿಡಿದು ಎರಡೂ ಬದಿ ಕೀಸಿದ, ಪಟ್ಟಿಗೆ ಅಂಟು ಹಚ್ಚಿ ಕೂರಿಸಿದ, ಮೇಲೆ ಟೇಪ್ ಸುತ್ತಿ ಒಣಗಲು ಬಿಟ್ಟ.

ಮಧ್ಯಾಹ್ನ ಟೇಪ್ ಬಿಚ್ಚಿ ಉಪ್ಪುಕಾಗದದಲ್ಲಿ ಉಜ್ಜಿದಾಗ ಅವನಿಗೇ ಮುತ್ತಿಡೋಣ ಅನ್ನಿಸುವಷ್ಟು ಚೆನ್ನಾಗಿ ಬಂದಿತ್ತು. ಆ ಖುಷಿಯಲ್ಲೇ, ಅಣ್ಣ ಕೆತ್ತಿ ಬಟ್ಟೆ ಮುಚ್ಚಿಟ್ಟಿದ್ದ ಕತ್ತನ್ನು ತಂದು ಅದರ ಮೇಲೆ ಹಲಗೆ ಇಟ್ಟು ನೋಡಿದ. ಕತ್ತು ಎರಡೂ ಕಡೆ ಹೊರಗೆ ಇಣುಕುತ್ತಿತ್ತು, ಸರಿಯಾಗಿ ಒಂದೊಂದು ಪಟ್ಟಿಯಷ್ಟು.

ಆಗ ಹೊಳೆಯಿತು ಪುಣ್ಯಾತ್ಮನಿಗೆ. ಬೇಕರಿಯವರ ಬೆರಳುಗಳು ಬನ್ನಿನ ಹಾಗೆ. ಸಾಧಾರಣ ಗಿಟಾರಿನಲ್ಲಿ ಒಂದು ತಂತಿ ಒತ್ತಿದರೆ ಪಕ್ಕದ್ದೂ ಸೇರಿಕೊಂಡು ನರಳುತ್ತದೆ. ಅದಕ್ಕೇ ಅಣ್ಣ ಅವರ ಗಿಟಾರಿನ ಕತ್ತನ್ನು ಅಗಲವಾಗಿ ಮಾಡುತ್ತಿದ್ದ. ಅಗಲದ ಹಲಗೆಯನ್ನು ಅವನಾಗಲೇ ಕೀಸಿದ್ದರಿಂದ ಅದು ಎಂದಿನ ಅಳತೆಗೆ ಇಳಿದಿತ್ತು. ಕೀಸಿದ್ದನ್ನೇ ಇವನು ಮತ್ತೆ ಕೀಸಿದ. ಅಂಥ ಕರಿಮರ ಅಂಗಡಿಯಲ್ಲಿ ಇನ್ನೊಂದು ತುಂಡಿರಲಿಲ್ಲ.

ಬಾಗಿಲಲ್ಲಿ ಅಣ್ಣ ನಿಂತಿದ್ದ. ಬಂದು ಹಲಗೆ ನೋಡಿದ, ಕತ್ತು ನೋಡಿದ, ತಮ್ಮನನ್ನೂ ನೋಡಿದ. ಇನ್ನು ಈ ಜನ್ಮದಲ್ಲಿ ಅಣ್ಣ ಮಾತಾಡುವುದಿಲ್ಲ ಎಂದು ತಮ್ಮನಿಗೆ ಖಾತ್ರಿಯಾಯಿತು. ಜಂಭ ಕರಗಲು ಅಷ್ಟು ಸಾಕಾಯಿತು.

"ಅಣ್ಣ, ಕೀಸಿದ್ದನ್ನೇ ಮತ್ತೆ ಕೀಸ್ಬಿಟ್ಟೆ. ಒಂದು ಮಾತು ಕೇಳ್ಬೇಕಿತ್ತು. ಅವತ್ತು ಬೇಕರಿಯವರ ಮುಂದೆ ಹಾಗೆ ಅಂದಿದ್ದೂ ತಪ್ಪು. ಕೇಳೋಕೆ ಮುಖ ಇರ್ಲಿಲ್ಲ."

ಅಣ್ಣ ಒಳಗೆ ಹೋಗಿ, ಕಾಗದದಷ್ಟು ತೆಳುವಾದ ಎರಡು ಕಪ್ಪು ಮರದ ಎಳೆಗಳನ್ನೂ ಇನ್ನೆರಡು ಬಿಳಿ ಪಟ್ಟಿಗಳನ್ನೂ ತಂದು ಮೇಜಿನ ಮೇಲೆ ಹಾಕಿದ. ಈಗಿರುವ ಪಟ್ಟಿಯ ಪಕ್ಕ ಒಂದು ಕಪ್ಪು ಎಳೆ, ಅದರಾಚೆ ಇನ್ನೊಂದು ಬಿಳಿ. ಬಿಳಿಯದನ್ನು ಒಂಚೂರು ತೆಳುವಾಗಿಸಿದರೆ ಕತ್ತಿನ ಅಗಲಕ್ಕೆ ಸರಿಹೋಗುತ್ತದೆ. ಹೇಳದೆಯೇ ತಮ್ಮನಿಗೆ ತಿಳಿಯಿತು. ಅವನು ಪಟ್ಟಿ ಉಜ್ಜಿ ತೆಳುವಾಗಿಸಿದ, ಅಣ್ಣ ಅಂಟು ಹಚ್ಚಿದ.

ಎರಡು ಪದರ ಒಟ್ಟಿಗೆ ಅಂಟಿಸುವುದು ಒಬ್ಬರಿಂದ ಆಗುವ ಮಾತಲ್ಲ. ಒಬ್ಬರು ಜೋಡಿಸಿ ಹಿಡಿಯಬೇಕು, ಇನ್ನೊಬ್ಬರು ಟೇಪ್ ಎಳೆದು ಬಿಗಿಯಬೇಕು. ಅಣ್ಣ ಪಟ್ಟಿ ಹಿಡಿದ. ಕೈ ನಡುಗುತ್ತಿತ್ತು. ಹತ್ತಿರದಿಂದ ನೋಡಿದಾಗ ಅದರಲ್ಲಿ ನಗುವಂಥದ್ದೇನೂ ತಮ್ಮನಿಗೆ ಕಾಣಲಿಲ್ಲ. ತನ್ನ ಎಡಗೈಯನ್ನು ಮೆಲ್ಲಗೆ ಅಣ್ಣನ ಮಣಿಕಟ್ಟಿನ ಕೆಳಗೆ ಕೊಟ್ಟ. ಕೊಡವಿಬಿಡುತ್ತಾನೇನೋ ಎಂದುಕೊಂಡ. ಅಣ್ಣ ಕೊಡವಲಿಲ್ಲ. ತಮ್ಮ ಟೇಪಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಬಲಗೈಯಿಂದ ಜೋರಾಗಿ ಎಳೆದ.

"ಮೆತ್ತಗೆ ಎಳಿಯೋ ಕತ್ತೆ! ಕರೀ ಎಳೆ ಜಾರ್ತಿದೆ, ಕಣ್ಣು ಕಾಣಲ್ವಾ?"

ತಮ್ಮ ಹಲ್ಲುಬಿಟ್ಟ. ಟೇಪ್ ಕೆಳಗೆ ಬಿತ್ತು.

"ಕಿಸೀತಾನೆ ನೋಡು! ಎತ್ತಿಕೊಳ್ಳೋ, ಅಂಟು ಒಣಗುತ್ತೆ!"

ಒಂದು ಬದಿ ಮುಗಿಯಿತು. ಬಿಳಿ, ಕಪ್ಪು, ಬಿಳಿ ಗೆರೆಗಳು ನೇರವಾಗಿ ಓಡಿದ್ದವು. ಅಣ್ಣ ಅಂಟಾದ ಬೆರಳುಗಳನ್ನು ಒರೆಸಿಕೊಳ್ಳುತ್ತ ಅವುಗಳನ್ನೇ ನೋಡಿದ.

"ನಡುಗೋದು ಸುಳ್ಳಲ್ಲ ಕಣೋ. ಬೆಳಿಗ್ಗೆ ಅಂಗಿ ಗುಂಡಿ ಹಾಕೋಕೂ ನಿಮ್ಮತ್ತಿಗೆ ಬೇಕು. ಆದ್ರೆ ಗಿರಾಕಿಗೆ ಯಾಕೋ ಹೇಳ್ದೆ? ನನಗೆ ಹೇಳ್ಬಾರ್ದಿತ್ತಾ?"

"ಹೆದರಿಕೆ ಆಯ್ತು."

"ನಾನು ಬೈತೀನಿ ಅಂತಾನಾ?"

"ಬೈತೀಯ ಅಂತಲ್ಲ. ನೀನು ಹೌದು ಅಂದ್ಬಿಟ್ರೆ ಅಂತ."

ಅಣ್ಣ ಹಲಗೆಯನ್ನು ತಿರುಗಿಸಿಟ್ಟು, ಇನ್ನೊಂದು ಪಟ್ಟಿ ಎತ್ತಿಕೊಂಡು, ಮಣಿಕಟ್ಟನ್ನು ತಮ್ಮನ ಕಡೆಗೆ ಚಾಚಿದ.

"ಹೌದು ಅಂದಾಯ್ತಲ್ಲ, ಏನು ಮುಳುಗಿ ಹೋಯ್ತು? ಹಿಡ್ಕೋ. ಅಲ್ಲಲ್ಲ, ಇನ್ನೂ ಕೆಳಗೆ. ನಿನಗೆ ಒಂದು ಕೈ ಹಿಡಿಯೋಕೂ ಕಲಿಸಬೇಕಾ?"

ಎರಡನೆಯ ಬದಿ ಮುಗಿಯುವವರೆಗೆ ಅಣ್ಣ ಬೈಯುತ್ತಲೇ ಇದ್ದ. ಟೇಪ್ ಎಳೆದ ರೀತಿಗೆ ಬೈದ, ಅಂಟು ಚೆಲ್ಲಿದ್ದಕ್ಕೆ ಬೈದ, ಕೇಳದೆ ಕೀಸಿದ್ದಕ್ಕಂತೂ ಜಾಡಿಸಿದ. ತಮ್ಮ ಕೈ ಬಿಡದೆ, ಎಲ್ಲದಕ್ಕೂ ಹೂಂ ಹೂಂ ಅನ್ನುತ್ತಿದ್ದ.